ಜಗಳ ಆದ ಮೇಲೆ ಏನಾಗುತ್ತೆ, ಅದನ್ನು ನೋಡಿ

ತಂಗಿಯ ಮಗಳು ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಮದುವೆಯಾಗಿ ಏಳು ತಿಂಗಳು. ಧ್ವನಿ ನಡುಗುತ್ತಿತ್ತು. ಸ್ನಾನ ಮಾಡಿ ಬಂದ ಗಂಡ ಒದ್ದೆ ಟವೆಲನ್ನು ಮಂಚದ ಮೇಲೆ ಹಾಕಿದನಂತೆ. ಇವಳು ಒಂದು ಮಾತು ಅಂದಳು, ಅವನು ಎರಡು ಅಂದ. ಟವೆಲ್‌ನಿಂದ ಅವರಮ್ಮನ ವಿಷಯಕ್ಕೆ, ಅಲ್ಲಿಂದ ದೀಪಾವಳಿಗೆ ಯಾರ ಮನೆಗೆ ಹೋಗೋದು ಅನ್ನುವಲ್ಲಿಗೆ ಮಾತು ಬೆಳೆಯಿತು. "ನಿಜವಾದ ಪ್ರೀತಿ ಆಗಿದ್ರೆ ಇಷ್ಟಕ್ಕೆಲ್ಲ ಜಗಳ ಆಗ್ತಿತ್ತಾ ದೊಡ್ಡಮ್ಮ?" ಅಂತ ಕೇಳಿದಳು.

ಮಾರನೇ ದಿನ ಅವಳಮ್ಮನ ಫೋನ್. ಅವಳ ಚಿಂತೆಯೇ ಬೇರೆ. "ಸಾಲಾವಳಿ ನೋಡಿದಾಗ 36ಕ್ಕೆ 27 ಗುಣ ಕೂಡಿತ್ತು ಅಕ್ಕ. ಯಾವುದೋ ದೋಷ ಕಣ್ತಪ್ಪಿದೆ. ಒಂದು ಶಾಂತಿ ಮಾಡಿಸಿಬಿಡೋಣ."

ತಾಯಿ ಮಗಳು ಬೇರೆ ಬೇರೆ ಕಾಲದವರು. ನಂಬಿಕೆ ಮಾತ್ರ ಒಂದೇ. ಸರಿಯಾದ ಜೋಡಿ ಅಂದ್ರೆ ಜಗಳವೇ ಇಲ್ಲದ ಜೋಡಿ, ಜಗಳ ಬಂತು ಅಂದ್ರೆ ಆಯ್ಕೆಯಲ್ಲೇ ಎಲ್ಲೋ ಎಡವಿದ್ದೇವೆ. ಮಗಳಿಗೆ ಇದನ್ನು ಸಿನಿಮಾ ಕಲಿಸಿತು, ಅಮ್ಮನಿಗೆ ಪಂಚಾಂಗ. ನನಗೆ ಈ ನಂಬಿಕೆ ಕಂಡರೆ ಭಯ. ಚೆನ್ನಾಗಿ ಬಾಳಬಹುದಾದ ಎಷ್ಟೋ ಎಳೆಯ ಸಂಬಂಧಗಳು ಇದರಿಂದಲೇ ಅನುಮಾನಕ್ಕೆ ಬೀಳುತ್ತವೆ.

ಸಾಲಾವಳಿಯ ವಿಷಯ ಬೇಗ ಮುಗಿಸುತ್ತೇನೆ. ಆ 36 ಗುಣಗಳ ಲೆಕ್ಕ ನಿಂತಿರುವುದು ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿದ್ದ ಅನ್ನುವುದರ ಮೇಲೆ. ಒಂದು ನಕ್ಷತ್ರ ದಾಟೋಕೆ ಚಂದ್ರನಿಗೆ ಸುಮಾರು ಒಂದು ದಿನ ಬೇಕು. ನಮ್ಮ ದೇಶದಲ್ಲಿ ದಿನಕ್ಕೆ 60 ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತವೆ. ಆ ಕೋಷ್ಟಕದ ಪ್ರಕಾರ ಅವರೆಲ್ಲ ಹೆಚ್ಚುಕಡಿಮೆ ಒಂದೇ ಸ್ವಭಾವದವರು! ಸಿಟ್ಟು ಬಂದಾಗ ಬಾಗಿಲು ಬಡಿಯುವವನೂ, ಸಿಟ್ಟು ಬಂದಾಗ ಎದ್ದು ಹೋಗಿ ಪಾತ್ರೆ ತೊಳೆಯುವವನೂ ಅದಕ್ಕೆ ಒಂದೇ. ಮದುವೆಯಲ್ಲಿ ಲೆಕ್ಕಕ್ಕೆ ಬರುವುದು ಆ ವ್ಯತ್ಯಾಸವೇ ಅಲ್ವಾ?

ಹಾಗಾದ್ರೆ ವಿಜ್ಞಾನ ಏನು ಹೇಳುತ್ತೆ? ಪ್ರೀತಿಯ ವಿಷಯ ಮುಟ್ಟಬೇಡಿ ಅಂತ ವಿಜ್ಞಾನಿಗಳಿಗೇ ಗದರಿಸಿದ ಕಾಲ ಒಂದಿತ್ತು. ಅಮೆರಿಕದಲ್ಲಿ ವಿಲಿಯಂ ಪ್ರಾಕ್ಸ್‌ಮೈರ್ ಅಂತ ಒಬ್ಬ ಸೆನೆಟರ್. ಸರ್ಕಾರದ ದುಡ್ಡು ಎಲ್ಲೆಲ್ಲಿ ಪೋಲಾಗುತ್ತಿದೆ ಅಂತ ತೋರಿಸಲು 1975ರಲ್ಲಿ ಅವರು 'ಗೋಲ್ಡನ್ ಫ್ಲೀಸ್' ಅನ್ನುವ ಅಣಕದ ಪ್ರಶಸ್ತಿ ಶುರುಮಾಡಿದರು. ಮೊದಲ ಸಲ ಅವರು ಬೊಟ್ಟು ಮಾಡಿದ್ದು ಪ್ರೀತಿಯ ಅಧ್ಯಯನಕ್ಕೆ ಕೊಟ್ಟಿದ್ದ 84,000 ಡಾಲರ್ ಅನುದಾನದ ಕಡೆಗೆ. ಜನ ಯಾಕೆ ಪ್ರೀತಿಸುತ್ತಾರೆ ಅನ್ನುವುದು ರಹಸ್ಯವಾಗಿಯೇ ಇರಲಿ ಅನ್ನುವುದು ಅವರ ವಾದ. ಆ ಕೆಲಸದ ಹಿಂದಿದ್ದ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಬರ್ಶೀಡ್ ಮತ್ತು ಎಲೇನ್ ಹ್ಯಾಟ್‌ಫೀಲ್ಡ್‌ಗೆ ಬೈಗುಳದ ಪತ್ರಗಳು ಬಂದವು. ಒಬ್ಬ ಯಂತ್ರದ ಸವಕಳಿ ಬಗ್ಗೆ ಸಂಶೋಧನೆ ಮಾಡಿದರೆ ಯಾರೂ ಬೈಯಲ್ಲ. ಮನಸ್ಸಿನ ಸವಕಳಿ ಬಗ್ಗೆ ಮಾಡಿದರೆ ಬೈಯುತ್ತಾರೆ. ನನಗೆ ಇವತ್ತಿಗೂ ಇದು ನೋವಿನ ಸಂಗತಿ.

ಅದೇ 1975ರಲ್ಲಿ ಇನ್ನೊಂದು ಕೆಲಸ ಬೆಳಕಿಗೆ ಬಂತು. ನನ್ನ ಪ್ರಕಾರ ಪ್ರೀತಿಯ ಬಗ್ಗೆ ಅದಕ್ಕಿಂತ ಆಳವಾಗಿ ಹೇಳಿದ ಪ್ರಯೋಗ ಇನ್ನೊಂದಿಲ್ಲ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞ ಕೆಲವೇ ತಿಂಗಳ ಮಗುವನ್ನು ಅಮ್ಮನ ಎದುರು ಕೂರಿಸಿದರು. ಮೊದಲು ಇಬ್ಬರೂ ಮಾಮೂಲಿನಂತೆ ಆಡಬೇಕು. ಆಮೇಲೆ ಕೆಲವು ನಿಮಿಷ ಅಮ್ಮ ಮುಖದಲ್ಲಿ ಏನೂ ತೋರಿಸಬಾರದು. ನೋಡಬಹುದು, ಆದರೆ ನಗುವಂತಿಲ್ಲ, ಮಾತಾಡುವಂತಿಲ್ಲ. ಮಗು ಮೊದಲು ನಗುತ್ತೆ. ಅಮ್ಮ ನಗಲ್ಲ. ಕೈ ಚಾಚುತ್ತೆ, ಕೂಗುತ್ತೆ. ಏನೂ ಆಗದಿದ್ದಾಗ ಮುಖ ಆಚೆ ತಿರುಗಿಸಿ ಕುಸಿಯುತ್ತೆ. 'ಸ್ಟಿಲ್ ಫೇಸ್' ಪ್ರಯೋಗ ಅಂತ ಇದರ ವಿಡಿಯೋ ಬಹಳ ಜನ ನೋಡಿರುತ್ತೀರಿ.

ಆದರೆ ನನಗೆ ಮುಖ್ಯ ಅನಿಸುವುದು ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಮಾತು. ತಾಯಿ ಮಗು ಆರಾಮಾಗಿ ಆಡುತ್ತಿದ್ದ ವಿಡಿಯೋಗಳನ್ನು ಟ್ರಾನಿಕ್ ಮತ್ತು ಜೊತೆಗಾರರು ಕ್ಷಣ ಕ್ಷಣ ಬಿಡಿಸಿ ನೋಡಿದರು. ಒಳ್ಳೆಯ ಅಮ್ಮ, ಚೆನ್ನಾಗಿರುವ ಮಗು. ಇಬ್ಬರ ತಾಳ ಯಾವಾಗಲೂ ಕೂಡಿರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲ. ತಾಳ ಕೂಡುತ್ತಿದ್ದದ್ದು ಸುಮಾರು ಶೇಕಡಾ 30ರಷ್ಟು ಸಮಯ ಮಾತ್ರ. ಉಳಿದಂತೆಲ್ಲ ತಪ್ಪುತ್ತಿತ್ತು. ಮಗು ಸಾಕು ಅಂತ ಮುಖ ತಿರುಗಿಸಿದಾಗ ಅಮ್ಮ ಕಚಗುಳಿ ಇಡುತ್ತಾಳೆ. ಮಗು ಬಾ ಅಂದಾಗ ಅಮ್ಮ ಇನ್ನೆಲ್ಲೋ ನೋಡುತ್ತಾಳೆ. ಕೆಲವೇ ಕ್ಷಣದಲ್ಲಿ ಒಬ್ಬರು ತಿದ್ದಿಕೊಳ್ಳುತ್ತಾರೆ, ಮತ್ತೆ ಕೂಡುತ್ತಾರೆ, ಮತ್ತೆ ತಪ್ಪುತ್ತಾರೆ.

ಅಂದರೆ ಲೋಕದಲ್ಲಿ ನಾವು ಅತ್ಯಂತ ಶುದ್ಧ ಅನ್ನುವ ಪ್ರೀತಿಯಲ್ಲೂ ತಪ್ಪುವುದೇ ಜಾಸ್ತಿ! ಮಗು ಕಲಿಯುವುದು ಈ ತಪ್ಪು-ತಿದ್ದು ಆಟದಲ್ಲಿ. "ಕೆಟ್ಟದಾಯ್ತು, ಆದರೆ ಸರಿಹೋಗುತ್ತೆ, ಸರಿಮಾಡೋಕೆ ನನ್ನ ಕೈಯಲ್ಲೂ ಆಗುತ್ತೆ" ಅನ್ನುವ ಧೈರ್ಯ ಅಲ್ಲೇ ಹುಟ್ಟುತ್ತೆ. ಒಮ್ಮೆಯೂ ತಪ್ಪದ ಅಮ್ಮ ಇದ್ದಿದ್ದರೆ ಆ ಮಗುವಿಗೆ ಈ ಪಾಠ ಸಿಗುತ್ತಲೇ ಇರಲಿಲ್ಲ.

ಸಂಗೀತ ಕಛೇರಿಗೆ ಹೋದವರು ಗಮನಿಸಿರುತ್ತೀರಿ. ತಂಬೂರಿಯನ್ನು ಒಂದು ಸಲ ಶ್ರುತಿ ಮಾಡಿದರೆ ಮುಗಿಯಲ್ಲ. ಸಭೆಯ ಸೆಕೆಗೆ, ಫ್ಯಾನ್ ಗಾಳಿಗೆ ತಂತಿ ಸ್ವಲ್ಪ ಸ್ವಲ್ಪ ಜಾರುತ್ತಲೇ ಇರುತ್ತೆ. ಹಿಂದೆ ಕೂತವರು ಕಿವಿಗೊಟ್ಟು, ತಂತಿಯ ಕೆಳಗಿನ ಮಣಿ ಸರಿಸುತ್ತಾ ಇರುತ್ತಾರೆ. ಶ್ರುತಿ ಜಾರಿದ್ದಕ್ಕೆ ತಂಬೂರಿ ಕೆಟ್ಟದು ಅಂತ ಯಾರೂ ಹೇಳಲ್ಲ. ಕಿವಿ ಮುಚ್ಚಿಕೊಂಡವರು ಕೂತಿದ್ದರೆ ಮಾತ್ರ ಕಛೇರಿ ಕೆಡುತ್ತೆ. ಸೈಕಲ್ ಕೂಡ ಹಾಗೇ. ನೆಟ್ಟಗೆ ಹೋಗುತ್ತಿದೆ ಅಂತ ಕಾಣುವ ಸೈಕಲ್ ಪ್ರತಿ ಕ್ಷಣ ಒಂದಿಷ್ಟು ಎಡಕ್ಕೋ ಬಲಕ್ಕೋ ವಾಲುತ್ತಿರುತ್ತೆ. ವಾಲಿದ ಕಡೆಗೇ ಹ್ಯಾಂಡಲ್ ಚೂರು ತಿರುಗುತ್ತೆ, ಎದ್ದು ನಿಲ್ಲುತ್ತೆ. ಹ್ಯಾಂಡಲ್ ಅಲ್ಲಾಡದಂತೆ ಬಿಗಿದು ಕಟ್ಟಿ ನೋಡಿ, ನಾಲ್ಕು ಮಾರು ಹೋಗೋದರೊಳಗೆ ಬೀಳುತ್ತೀರಿ. ಕೈಮಗ್ಗದಲ್ಲಿ ಎಳೆ ಕಡಿದಾಗ ನೇಯುವವರು ಸೀರೆ ಬಿಸಾಡುತ್ತಾರಾ? ಎಳೆ ಹುಡುಕಿ ಗಂಟು ಹಾಕಿ ಮುಂದೆ ನೇಯುತ್ತಾರೆ. ನಾನು ಹೇಳುತ್ತಿರುವ ತಿದ್ದುವಿಕೆ ಅಂದರೆ ಇದೇ. ಪ್ರೀತಿಯನ್ನು ನಡೆಸುವುದೇ ಇದು.

ನಮ್ಮ ಹತ್ತಿರದ ನೆಂಟರಲ್ಲೂ ಇದು ಇದೆ. ನೆದರ್‌ಲೆಂಡ್ಸ್‌ನ ಆರ್ನೆಮ್ ಮೃಗಾಲಯದಲ್ಲಿ ಚಿಂಪಾಂಜಿಗಳನ್ನು ನೋಡುತ್ತಾ ಕೂತಿದ್ದ ಪ್ರಾಣಿ ನಡವಳಿಕೆಯ ವಿಜ್ಞಾನಿ ಫ್ರಾನ್ಸ್ ಡಿ ವಾಲ್, ಕಚ್ಚಾಡಿದ ಎರಡು ಚಿಂಪಾಂಜಿಗಳು ಆಮೇಲೆ ತಬ್ಬಿ ಮುತ್ತಿಡುವುದನ್ನು ಕಂಡರು. ಇದು ಆಕಸ್ಮಿಕವಲ್ಲ, ಜಗಳವಾಡಿದವರೇ ಹುಡುಕಿಕೊಂಡು ಹೋಗಿ ರಾಜಿಯಾಗುತ್ತಾರೆ ಅಂತ 1979ರಲ್ಲಿ ಪ್ರಕಟಿಸಿದರು. ಆಮೇಲೆ ಎಷ್ಟೋ ಪ್ರಾಣಿಗಳಲ್ಲಿ ಇದು ಕಂಡಿತು. ಒಟ್ಟಿಗೆ ಬಾಳಬೇಕಾದ ಜೀವಿಗಳಿಗೆ ಜಗಳ ತಪ್ಪಿಸೋಕೆ ಆಗಲ್ಲ. ಅದಕ್ಕೇ ವಿಕಾಸ ಅವುಗಳಿಗೆ ವಾಪಸ್ ಬರುವ ದಾರಿ ಕಲಿಸಿದೆ.

ಈಗ ಗಂಡ ಹೆಂಡತಿಗೆ ಬರೋಣ. ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞರು, ದಂಪತಿಗಳನ್ನು ಎದುರುಬದುರು ಕೂರಿಸಿ, ಮೈಗೆ ತಂತಿ ಜೋಡಿಸಿ, ನಿಜವಾಗಲೂ ಜಗಳ ಆಡಿಸಿ ನೋಡಿದವರು. ಗಾಟ್‌ಮನ್ ಸಿಯಾಟಲ್‌ನಲ್ಲಿ ಒಂದು ಮನೆಯನ್ನೇ ಪ್ರಯೋಗಾಲಯ ಮಾಡಿದ್ದರು. ದಂಪತಿಗಳು ಅಲ್ಲಿ ಒಂದು ದಿನ ಅಡುಗೆ ಮಾಡಿಕೊಂಡು, ಟಿವಿ ನೋಡಿಕೊಂಡು ಇರಬೇಕು, ಕ್ಯಾಮೆರಾ ನೋಡುತ್ತಿರುತ್ತೆ. ವಿಚ್ಛೇದನವನ್ನು ಶೇಕಡಾ 90ರ ಮೇಲೆ ಸರಿಯಾಗಿ ಊಹಿಸಬಲ್ಲೆ ಅನ್ನುವ ಅವರ ಲೆಕ್ಕವನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅವರು ಕಂಡ ಸಣ್ಣ ಸಣ್ಣ ಸಂಗತಿಗಳು ನನಗೆ ಬಹಳ ಬೆಲೆಯವು. ಒಬ್ಬರು ಕಿಟಕಿಯಿಂದ ನೋಡುತ್ತಾ "ಆ ದೋಣಿ ನೋಡು" ಅನ್ನುತ್ತಾರೆ. ಇನ್ನೊಬ್ಬರು ತಲೆ ಎತ್ತುತ್ತಾರಾ ಇಲ್ವಾ? ಆರು ವರ್ಷದ ನಂತರ ಒಟ್ಟಿಗಿದ್ದವರು ಇಂಥ ಕರೆಗಳಿಗೆ 100ಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ. ಅಷ್ಟೇ ಅಲ್ಲ, ದಂಪತಿಗಳ ತಕರಾರುಗಳಲ್ಲಿ ಶೇಕಡಾ 69ರಷ್ಟು ಎಂದೂ ಬಗೆಹರಿಯುವಂಥವೇ ಅಲ್ಲ ಅಂತ ಅವರು ಕಂಡರು. ಸ್ವಭಾವದ ವ್ಯತ್ಯಾಸದಿಂದ ಬಂದವು ಅವು. ಚೆನ್ನಾಗಿರುವ ಮನೆಯಲ್ಲೂ ಅವು ಹಾಗೇ ಇದ್ದವು.

ನಮ್ಮ ಗಾದೆ ಎಲ್ಲರಿಗೂ ಗೊತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇದರಲ್ಲಿ ಎರಡು ಕ್ರಿಯಾಪದ ಇವೆ, ಎರಡಕ್ಕೂ ಪ್ರಯೋಗದ ಬೆಂಬಲ ಇದೆ ಅಂದರೆ ನಂಬುತ್ತೀರಾ? ಮೊದಲು ಊಟ. 2014ರಲ್ಲಿ ಅಮೆರಿಕದ ಸಂಶೋಧಕ ಬ್ರಾಡ್ ಬುಶ್‌ಮನ್ ಮತ್ತು ಜೊತೆಗಾರರು 107 ದಂಪತಿಗಳಿಗೆ ತಲಾ ಒಂದು ಗೊಂಬೆ ಕೊಟ್ಟರು. ದಿನಾ ರಾತ್ರಿ, ಸಂಗಾತಿ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟು ಪಿನ್ನು ಅದಕ್ಕೆ ಚುಚ್ಚಬೇಕು. 21 ದಿನ. ಸಂಜೆ ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದವರು ಜಾಸ್ತಿ ಪಿನ್ನು ಚುಚ್ಚಿದ್ದರು. ಸಿಟ್ಟನ್ನು ಹಿಡಿದಿಡೋಕೂ ಶಕ್ತಿ ಬೇಕು ಅನ್ನುವುದು ಅವರ ವಿವರಣೆ. ಆ ವಿವರಣೆ ಬಗ್ಗೆ ಇನ್ನೂ ಚರ್ಚೆ ಇದೆ. ಆದರೆ ಹಸಿದ ಹೊಟ್ಟೆಯಲ್ಲಿ ಮಾತು ಬೆಳೆಸಬಾರದು ಅನ್ನುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಇನ್ನು ನಿದ್ದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಏಮಿ ಗಾರ್ಡನ್ ಮತ್ತು ಸೆರೀನಾ ಚೆನ್ ನೋಡಿದ ಪ್ರಕಾರ, ಸರಿಯಾಗಿ ನಿದ್ದೆಯಾಗದ ರಾತ್ರಿಯ ಮಾರನೇ ದಿನ ಜಗಳ ಜಾಸ್ತಿ. ಎದುರಿನವರ ಮನಸ್ಸಲ್ಲಿ ಏನಿದೆ ಅಂತ ಊಹಿಸುವ ಶಕ್ತಿಯೂ ಕುಗ್ಗುತ್ತೆ. ಇಬ್ಬರೂ ಚೆನ್ನಾಗಿ ಮಲಗಿ ಎದ್ದಾಗ ಜಗಳ ಬಗೆಹರಿಯುವುದು ಸುಲಭ.

ಊಟಕ್ಕೂ ನಿದ್ದೆಗೂ ಮುಂಚೆ ಮೈ ತಣ್ಣಗಾಗಬೇಕು. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಕಿವಿಗೆ ಬಿದ್ದ ಮಾತು ತಲೆಗೆ ಹೋಗಲ್ಲ ಅನ್ನುತ್ತಾರೆ ಗಾಟ್‌ಮನ್. ಒಂದು ಸಲ ಅವರು, ಯಂತ್ರ ಸರಿಮಾಡಬೇಕು ಅನ್ನುವ ನೆಪ ಹೇಳಿ ಜಗಳ ನಿಲ್ಲಿಸಿದರು. ಅರ್ಧ ಗಂಟೆ ಸುಮ್ನೆ ಪತ್ರಿಕೆ ಓದಿಕೊಂಡಿರಿ ಅಂದರು. ಮತ್ತೆ ಶುರು ಮಾಡಿದಾಗ ಎದೆಬಡಿತ ಇಳಿದಿತ್ತು, ಮಾತಿನ ಧಾಟಿಯೇ ಬದಲಾಗಿತ್ತು.

ಎದೆಬಡಿತದ ಮಾತು ಬಂತಲ್ಲ, ಇನ್ನೊಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಿಬಿಡುತ್ತೇನೆ. ಎದೆ ಢವಢವ ಅಂದರೆ ಅದೇ ನಿಜವಾದ ಪ್ರೀತಿ ಅಂತ ಹುಡುಗ ಹುಡುಗಿಯರು ನಂಬುತ್ತಾರೆ. ಕೆನಡಾದಲ್ಲಿ ಕ್ಯಾಪಿಲಾನೋ ಅಂತ ಒಂದು ತೂಗುಸೇತುವೆ ಇದೆ. ಕೆಳಗೆ ಸುಮಾರು 70 ಮೀಟರ್ ಆಳ. ಡಟನ್ ಮತ್ತು ಆರನ್ ಅನ್ನುವ ಮನಶ್ಶಾಸ್ತ್ರಜ್ಞರು 1974ರಲ್ಲಿ ಅದರ ಮೇಲೆ ಗಂಡಸರನ್ನು ಒಬ್ಬ ಯುವತಿಯಿಂದ ಮಾತಾಡಿಸಿದರು. ಬೇಕಾದರೆ ಫೋನ್ ಮಾಡಿ ಅಂತ ಆಕೆ ನಂಬರ್ ಕೊಟ್ಟಳು. ಅಲ್ಲಿ ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಮಂದಿ ಫೋನ್ ಮಾಡಿದರು. ಗಟ್ಟಿಯಾದ ಇನ್ನೊಂದು ಸೇತುವೆ ಮೇಲೆ 16ರಲ್ಲಿ ಇಬ್ಬರು. ಭಯದಿಂದ ಹೊಡೆದುಕೊಂಡ ಎದೆಯನ್ನು ಮೊದಲಿನವರು ಆಕರ್ಷಣೆ ಅಂದುಕೊಂಡರು ಅಂತ ಸಂಶೋಧಕರು ಅರ್ಥ ಮಾಡಿದರು. ಢವಢವ ಎಲ್ಲಿಂದಲೋ ಬರಬಹುದು. ತಲ್ಲಣಿಸಿದ ಎದೆಯನ್ನು ಯಾರ ಸಾನ್ನಿಧ್ಯ ಇಳಿಸುತ್ತೆ, ಅದನ್ನು ನೋಡಿ. ಜೇಮ್ಸ್ ಕೋನ್ ಅನ್ನುವ ಮನಶ್ಶಾಸ್ತ್ರಜ್ಞ 2006ರಲ್ಲಿ 16 ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಸಣ್ಣ ಶಾಕ್ ಕೊಡುತ್ತೇವೆ ಅಂತ ಹೆದರಿಸಿದರು. ಗಂಡನ ಕೈ ಹಿಡಿದಾಗ ಮೆದುಳಿನ ಅಪಾಯದ ಗಂಟೆ ಕಡಿಮೆ ಬಾರಿಸಿತು. ಸಂಬಂಧ ಚೆನ್ನಾಗಿದ್ದವರಲ್ಲಿ ಇನ್ನೂ ಕಡಿಮೆ.

ನನ್ನ ಅಜ್ಜ ಅಜ್ಜಿ ಇದನ್ನೆಲ್ಲ ಓದಿದವರಲ್ಲ. ಜಗಳವಾದ ದಿನ ಅಜ್ಜಿ ಮಾತು ಬಿಡುತ್ತಿದ್ದಳು. ಅಜ್ಜ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಇಬ್ಬರ ನಡುವೆ ಓಡಾಡುತ್ತಿದ್ದವಳು ನಾನು. "ನಿಮ್ಮಜ್ಜನಿಗೆ ಹೇಳು, ಎಲೆ ಹಾಕಿದೆ, ಬರಬೇಕಂತೆ." ಅಜ್ಜ ಒಳಗೆ ಕೇಳುವ ಹಾಗೆ, "ನಿಮ್ಮಜ್ಜಿಗೆ ಹೇಳು, ಅವಳದ್ದಾಯ್ತಾ ಅಂತೆ." ಹತ್ತು ಹೆಜ್ಜೆ ದೂರ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಹೇಳಲೇಬೇಕಿತ್ತು. ಸೋತೆ ಅನ್ನದೆ ವಾಪಸ್ ಬರೋಕೆ ಅವರಿಗೆ ಒಂದು ಸೇತುವೆ ಬೇಕಿತ್ತು. ಅದು ನಾನು ಅಂತ ಟ್ರಾನಿಕ್ ಕೆಲಸ ಓದಿದಾಗ ಗೊತ್ತಾಯಿತು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದೇ ಗಾದೆಯನ್ನು ಹೇಳಿಕೊಂಡು, ಪಕ್ಕದ ಮನೆಯಲ್ಲಿ ಹೆಣ್ಣುಮಗಳು ಏಟು ತಿನ್ನುವಾಗ ಬಾಗಿಲು ಹಾಕಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಹೊಡೆತ ಜಗಳವಲ್ಲ. ಹೆದರಿಸುವುದು, ದುಡ್ಡು ಕೊಡದೆ ಕಟ್ಟಿಹಾಕುವುದು, ದಿನಾ ಹೀಯಾಳಿಸುವುದು ಜಗಳವಲ್ಲ. ಒಬ್ಬರಿಗೆ ಭಯವಿದ್ದರೆ ತಪ್ಪು-ತಿದ್ದು ಆಟವೇ ಇಲ್ಲ, ತಿದ್ದುವ ಹೊರೆಯೆಲ್ಲ ಒಬ್ಬರ ತಲೆ ಮೇಲೇ ಬಿದ್ದಿರುತ್ತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆ, ಹಣದ ಹಿಂಸೆಯನ್ನೂ ಹಿಂಸೆ ಅಂತಲೇ ಕರೆಯುತ್ತೆ. ಮಹಿಳಾ ಸಹಾಯವಾಣಿ 181. ಅಂಥ ಮನೆಗೆ ಈ ಲೇಖನದ ಒಂದು ಸಾಲನ್ನೂ ಹೊಂದಿಸಬೇಡಿ.

ತಂಗಿಗೆ ಶಾಂತಿ ಹೋಮ ಬೇಡ ಅಂದೆ. ಅವಳಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ಮಗಳು ಮಾತ್ರ ಹೋದ ವಾರ ಮತ್ತೆ ಫೋನ್ ಮಾಡಿದ್ದಳು.

"ಟವೆಲ್ ಕಥೆ ಏನಾಯ್ತೇ?"

"ಇನ್ನೂ ಮಂಚದ ಮೇಲೇ ಇದೆ ದೊಡ್ಡಮ್ಮ. ನಿನ್ನೆಯೂ ಜಗಳ ಆಯ್ತು. ಆದ್ರೆ ರಾತ್ರಿ 11 ಗಂಟೆಗೆ ಅವನೇ ಬಂದು, ಹಸಿವಾಗ್ತಿದೆ, ನಿಂಗೂ ಮೊಸರನ್ನ ಕಲಸಲಾ ಅಂತ ಕೇಳಿದ."

"ನೀನೇನಂದೆ?"

"ಉಪ್ಪಿನಕಾಯಿ ಜಾಸ್ತಿ ಹಾಕು ಅಂದೆ."