ಬ್ಯಾಂಕಿನ ಕವರು ಮೊದಲು ಒಡೆದು ನೋಡಿ

ಮಳೆಗಾಲದ ಒಂದು ಬೆಳಿಗ್ಗೆ ಒಬ್ಬರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ಬ್ಯಾಂಕಿನಿಂದ ಬಂದ ಏಳು ಕವರು. ಒಂದನ್ನೂ ಒಡೆದಿರಲಿಲ್ಲ. ಮನೆಯ ಆಲ್ತಾರಿನಲ್ಲಿ (ಪ್ರಾರ್ಥನೆಯ ಪೀಠ) ಬಾಲಯೇಸುವಿನ ಮೂರ್ತಿಯ ಕೆಳಗೆ ಇಟ್ಟಿದ್ದರಂತೆ. "ದೇವರಿಗೆ ಒಪ್ಪಿಸಿಬಿಟ್ಟಿದ್ದೇನೆ ಸರ್" ಅಂದರು.

ನನಗೆ ಸಿಟ್ಟು ಬಂತು. ಆಮೇಲೆ ಅವರ ಮುಖ ನೋಡಿದೆ, ಕರುಳು ಚುರ್ ಅಂತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಶುರು ಮಾಡಿ ನನಗೆ ಇಪ್ಪತ್ತು ವರ್ಷ ದಾಟಿತು. ಬರುವವರಲ್ಲಿ ನನ್ನ ಹಾಗೆ ಕ್ರೈಸ್ತರೇ ಜಾಸ್ತಿ. ವ್ಯಾಪಾರ ಕೆಟ್ಟಾಗ ಇವರಲ್ಲಿ ಎಷ್ಟೋ ಮಂದಿ ಮಾಡುವ ತಪ್ಪು ಒಂದೇ. ನೊವೆನಾಕ್ಕೆ (ಒಂಬತ್ತು ದಿನದ ಪ್ರಾರ್ಥನೆ) ಹೋಗುತ್ತಾರೆ, ಉಪವಾಸ ಹಿಡಿಯುತ್ತಾರೆ, ಬ್ಯಾಂಕಿಗೆ ಮಾತ್ರ ಹೋಗುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ. ಬಚ್ಚಿಡುವುದಕ್ಕೆ ವಿಶ್ವಾಸ ಅಂತ ಹೆಸರಿಡುತ್ತಾರೆ. ಕೆನರಾ ಬ್ಯಾಂಕ್ 1906ರಲ್ಲಿ ಹುಟ್ಟಿದ ಊರು ಇದು. ನಮ್ಮ ಹಿರಿಯರು 1912ರಲ್ಲೇ ಕಥೋಲಿಕ್ ಸಹಕಾರಿ ಬ್ಯಾಂಕ್ ಕಟ್ಟಿದರು. ಆದರೂ ಮ್ಯಾನೇಜರ್ ಎದುರು ಕೂತು "ಕಷ್ಟ ಆಗಿದೆ" ಅನ್ನಲು ನಮಗೆ ಎಷ್ಟು ನಾಚಿಕೆ!

ಪ್ರಾರ್ಥನೆ ಬಿಡಿ ಅಂತ ನಾನು ಯಾರಿಗೂ ಹೇಳಿದವನಲ್ಲ. ಆದರೆ ಬೈಬಲಿನ ಎರಡನೇ ಅರಸುಗಳ ಪುಸ್ತಕದ ನಾಲ್ಕನೇ ಅಧ್ಯಾಯ ತೆರೆದು ಅವರ ಮುಂದೆ ಇಡುತ್ತೇನೆ. ಗಂಡ ಸತ್ತ ಹೆಂಗಸು. ಮೈಮೇಲೆ ಸಾಲ. ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನು ಗುಲಾಮರಾಗಿ ಒಯ್ಯಲು ಬಂದಿದ್ದಾನೆ. ಅವಳು ಏನನ್ನೂ ಮುಚ್ಚಿಡದೆ ಪ್ರವಾದಿ ಎಲೀಷನ ಹತ್ತಿರ ಹೇಳಿಕೊಳ್ಳುತ್ತಾಳೆ. ಅವನು ಕೇಳುವುದು "ನಿನ್ನ ಮನೆಯಲ್ಲಿ ಏನಿದೆ?" ಎಂದು. ಒಂದು ಕುಪ್ಪಿ ಎಣ್ಣೆ ಬಿಟ್ಟು ಏನೂ ಇಲ್ಲ ಅನ್ನುತ್ತಾಳೆ. ನೆರೆಮನೆಗಳಿಂದ ಖಾಲಿ ಪಾತ್ರೆ ಕೇಳಿ ತಾ ಅನ್ನುತ್ತಾನೆ, ಸ್ವಲ್ಪ ಸಾಲದು ಅಂತಲೂ ಹೇಳುತ್ತಾನೆ. ಅಂದರೆ ಅವಳ ಕಷ್ಟ ಕೇರಿಗೆಲ್ಲ ಗೊತ್ತಾಗಿರಬೇಕು, ಅಲ್ವಾ? ಆ ಕುಪ್ಪಿಯ ಎಣ್ಣೆ ಪಾತ್ರೆಗಳೆಲ್ಲ ತುಂಬುವಷ್ಟು ಹೆಚ್ಚಿದ್ದು ಇಷ್ಟೆಲ್ಲ ಆದ ಮೇಲೆ. ಕೊನೆಗೆ ಅವನು ಹೇಳಿದ್ದು, ಎಣ್ಣೆ ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂತ.

ನಮ್ಮ ಈ ಮನುಷ್ಯ ಗಲ್ಫಿನಲ್ಲಿ ದುಡಿದು ಬಂದು ಕೇಟರಿಂಗ್ ಶುರು ಮಾಡಿದವರು. ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಮದುವೆ, ಕೊಮುನ್ಯಾಂವ್ (ಮಕ್ಕಳ ಮೊದಲ ಪರಮಪ್ರಸಾದ) ಊಟ. ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು) ನಮ್ಮಲ್ಲಿ ಮದುವೆ ಇಡುವುದಿಲ್ಲ. ಮಳೆಗಾಲದಲ್ಲೂ ಕಮ್ಮಿ. ಆದರೆ ವ್ಯಾನಿನ ಸಾಲದ ಕಂತು ಪ್ರತಿ ತಿಂಗಳೂ ಒಂದೇ. ಕಂತು ಕಟ್ಟಲು ಹೆಂಡತಿಯ ಬಂಗಾರ ಅಡವಿಟ್ಟರು. ಅದರ ಬಡ್ಡಿಗೆ ಕೈಸಾಲ ಮಾಡಿದರು. "ಒಂದು ಕಂತು ಕಟ್ಟಿದರೆ ಸರಿಹೋಗ್ತದಲ್ಲ ಸರ್?"

ಜನ ಎಡವುವುದು ಇಲ್ಲೇ. ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಸ್ವಲ್ಪ ನಿಧಾನವಾಗಿ ಓದಿ.

ಏಪ್ರಿಲ್ 5ರ ಕಂತು ನೀವು ಕಟ್ಟಲಿಲ್ಲ ಅನ್ನಿ. ಮೇ, ಜೂನ್ ಕೂಡ ತಪ್ಪಿತು. ಜುಲೈ ಮೊದಲ ವಾರದಲ್ಲಿ ಏಪ್ರಿಲಿನ ಬಾಕಿಗೆ 90 ದಿನ ಮೀರುತ್ತದೆ, ಅಲ್ಲಿಗೆ ಬ್ಯಾಂಕು ಖಾತೆಯನ್ನು ಎನ್‌ಪಿಎ (ವಸೂಲಾಗದ ಸಾಲ) ಅಂತ ಬರೆಯುತ್ತದೆ. ಜುಲೈ 1ಕ್ಕೆ ಹೋಗಿ ಏಪ್ರಿಲಿನ ಬಾಕಿ ಒಂದನ್ನು ಕಟ್ಟಿದರೂ ಎಲ್ಲಕ್ಕಿಂತ ಹಳೆಯ ಬಾಕಿ ಮೇ ತಿಂಗಳದ್ದಾಗುತ್ತದೆ, ಖಾತೆ ಸದ್ಯಕ್ಕೆ ಉಳಿಯುತ್ತದೆ. ಅದೇ ಹಣವನ್ನು ಜುಲೈ 10ಕ್ಕೆ ಕಟ್ಟಿದರೆ? ಸಾಲುವುದಿಲ್ಲ. ಅಷ್ಟರಲ್ಲಿ ಖಾತೆ ಎನ್‌ಪಿಎ ಆಗಿರುತ್ತದೆ. ಹೊರಗೆ ಬರಬೇಕಾದರೆ ಅಸಲು, ಬಡ್ಡಿ ಎರಡರ ಬಾಕಿಯನ್ನೂ ಪೂರ್ತಿ ಕಟ್ಟಬೇಕು. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಬಿಡಿಸಿ ಹೇಳಿದೆ. ಅದೇ ಬ್ಯಾಂಕಿನಲ್ಲಿರುವ ನಿಮ್ಮ ಬೇರೆ ಸಾಲಗಳೂ ಎನ್‌ಪಿಎ ಆಗುತ್ತವೆ. ಒಂಬತ್ತು ದಿನದ ವ್ಯತ್ಯಾಸ ಅಷ್ಟೇ. ಆ ಒಂಬತ್ತು ದಿನ ಇವರು ಕವರನ್ನು ಮೂರ್ತಿಯ ಕೆಳಗೆ ಇಟ್ಟಿರುತ್ತಾರೆ.

90 ದಿನಕ್ಕೆ ಮೊದಲು ಹೋದರೆ ಮ್ಯಾನೇಜರ್ ಕೈಯಲ್ಲಿ ಏನಾದರೂ ಇರುತ್ತದೆ. ಸಣ್ಣ ಉದ್ಯಮಗಳಿಗಾಗಿಯೇ 2015ರಲ್ಲಿ ಒಂದು ವ್ಯವಸ್ಥೆ ಬಂದಿದೆ. ನಷ್ಟದ ಸೂಚನೆ ಕಂಡ ಕೂಡಲೇ ಸಾಲಗಾರರೇ ಅರ್ಜಿ ಕೊಡಬಹುದು. ಕಂತು ಮರುಹೊಂದಿಸಲು ಕೇಳಬಹುದು. ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ, ಕೇಳುವ ಹಕ್ಕಿದೆ ಅನ್ನಬಲ್ಲೆ. ಎನ್‌ಪಿಎ ಆದ ಮೇಲೆ, ಆಸ್ತಿ ಅಡವಿದ್ದರೆ, 60 ದಿನದೊಳಗೆ ಬಾಕಿ ಕಟ್ಟಿ ಅನ್ನುವ ನೋಟಿಸ್ ಬರಬಹುದು. ಅದಕ್ಕೂ ಬರವಣಿಗೆಯಲ್ಲಿ ಆಕ್ಷೇಪ ಕೊಡಬಹುದು, ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಆದರೆ ಕವರು ಒಡೆಯದವರಿಗೆ ನೋಟಿಸ್ ಬಂದದ್ದೇ ಗೊತ್ತಾಗುವುದಿಲ್ಲ. ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್ (ಕಂತಿಲ್ಲದೆ, ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ಲೆಕ್ಕ ಬೇರೆ. ನಿಮ್ಮ ಕಾಗದಗಳನ್ನು ತಿಳಿದವರಿಗೆ ತೋರಿಸಿಯೇ ಹೆಜ್ಜೆ ಇಡಿ.

ಇನ್ನೊಂದು ಮಾತು. ವ್ಯಾಪಾರ ಬಿದ್ದವನಿಗೆ "ಏನೋ ಪಾಪ ಇರಬೇಕು" ಅನ್ನುವವರು ನಮ್ಮ ಚರ್ಚುಗಳಲ್ಲೂ ಇದ್ದಾರೆ. ದಯವಿಟ್ಟು ಬೇಡ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನಿಗೆ ಹಾಗೆ ಅಂದ ಗೆಳೆಯರ ಮೇಲೆ ದೇವರೇ ಸಿಟ್ಟಾದರು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ, ಮೊದಲನೇ ಮಹಾಯುದ್ಧದ ಕಾಲದಲ್ಲಿ ಆ ಉದ್ಯಮವನ್ನೆಲ್ಲ ಕಳೆದುಕೊಂಡಿತು. ಅದನ್ನು ಪಾಪದ ಫಲ ಅನ್ನುತ್ತೇವಾ? ಈ ಮಾತಿಗೆ ಹೆದರಿಯೇ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕವರುಗಳನ್ನು ನಾವು ಒಟ್ಟಿಗೆ ಒಡೆದೆವು. ಮೊದಲ ಕಂತು ತಪ್ಪಿ 71 ದಿನ ಆಗಿತ್ತು. "ಮನೆಯಲ್ಲಿ ಏನಿದೆ?" ಅಂತ ಕೇಳಿದೆ. "ಏನಿಲ್ಲ ಸರ್." ನಾಳೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದೆ. ತುಂಬಾ ಹೊತ್ತು ಸುಮ್ಮನಿದ್ದು ಒಪ್ಪಿದರು.

ಮರುದಿನ ಹೆಂಡತಿ ಬಂದರು, ಅತ್ತರು, ಬೈದರು. ಬಂಗಾರ ಹೋದದ್ದಕ್ಕಿಂತ ತನಗೆ ಹೇಳದೆ ಇದ್ದದ್ದು ಅವರಿಗೆ ಜಾಸ್ತಿ ನೋವು. ಆಮೇಲೆ ಬ್ಯಾಗಿನಿಂದ ಒಂದು ಡೈರಿ ತೆಗೆದರು. ಊಟದ ಬಾಕಿ ಕೊಡಬೇಕಾದ ಹನ್ನೊಂದು ಮನೆಗಳ ಹೆಸರು ಅದರಲ್ಲಿತ್ತು. ಎಲ್ಲ ಸೇರಿಸಿದರೆ ನಾಲ್ಕು ಕಂತಿಗಿಂತ ಹೆಚ್ಚು. "ನಮ್ಮ ಚರ್ಚಿನವರೇ ಸರ್, ಹೇಗೆ ಕೇಳುವುದು?" ಅಂದರು ಗಂಡ. "ನಾನು ಕೇಳ್ತೇನೆ" ಅಂದರು ಹೆಂಡತಿ.

ಏಳು ಮನೆಯವರು ಅದೇ ವಾರ ಕೊಟ್ಟರು. ಅಡುಗೆಯವರ, ಬಡಿಸುವ ಹುಡುಗರ ಸಂಬಳ ಮೊದಲು ಹೋಗಬೇಕು ಅಂತ ನಾನು ಹಟ ಹಿಡಿದೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಅಂತ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ಓದಿದವರಿಗೆ ಕಾರಣ ಗೊತ್ತಿದೆ. ಉಳಿದದ್ದರಲ್ಲಿ ಎರಡು ಕಂತು ಕಟ್ಟಿ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕೇಳಿದ್ದು, "ಮೊದಲೇ ಬರಬಹುದಿತ್ತಲ್ಲ?"

ಬಂಗಾರ ಇನ್ನೂ ಬಿಡಿಸಿಲ್ಲ. ಎರಡನೇ ವ್ಯಾನು ಮಾರಿದರು. ಕ್ರಿಸ್ಮಸ್ ಕಳೆದ ಮೇಲಿನ ಸೀಸನ್‌ಗೆ ಒಂಬತ್ತು ಮದುವೆ ಒಪ್ಪಿಕೊಂಡಿದ್ದಾರೆ. ಎಲ್ಲರಿಂದಲೂ ಅರ್ಧ ಹಣ ಮುಂಗಡ. ಅದನ್ನು ಕೇಳುವ ಕೆಲಸ ಈಗ ಹೆಂಡತಿಯದು.