ಪಿಕಪ್ ಸ್ಟೇರಿಂಗ್ ಪಂಪು ಪದೇ ಪದೇ ಯಾಕೆ ಹೋಗುತ್ತೆ, ಈ ಗೋಜಲು ಶುರುವಾಗಿದ್ದೆಲ್ಲಿ

ಟೊಮೇಟೊ ಸೀಸನ್ನಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆ ಗ್ಯಾರೇಜುಗಳ ಮುಂದೆ ಹೋದ್ರೆ ಒಂದಲ್ಲ ಒಂದು ಪಿಕಪ್ ಬಾನೆಟ್ ಎತ್ಕೊಂಡು ನಿಂತಿರುತ್ತೆ. ಏನಾಯ್ತು ಅಂದ್ರೆ ಸ್ಟೇರಿಂಗ್ ಪಂಪು ಅಂತಾರೆ, ಅಂದ್ರೆ ಪವರ್ ಸ್ಟೇರಿಂಗ್ ಹಗುರಾಗಿ ತಿರುಗೋಕೆ ಆಯಿಲ್ ಒತ್ತಿ ಕಳಿಸೋ ಪಂಪು. ಎಷ್ಟನೇದು ಅಂದ್ರೆ ಎರಡನೇದು, ಕೆಲವ್ರು ಮೂರನೇದು. ಯಾಕೆ ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ರದ್ದು ಒಂದೊಂದು ಮಾತು, ಓನರನ್ನ ಕೇಳಿದ್ರೆ ಪಾರ್ಟೇ ಡೂಪ್ಲಿಕೇಟು, ಅಂಗಡಿಯವರನ್ನ ಕೇಳಿದ್ರೆ ಫಿಟಿಂಗ್ ಸರಿ ಇಲ್ಲ, ಮೆಕ್ಯಾನಿಕ್ ಕೇಳಿದ್ರೆ ಓವರ್‌ಲೋಡು, ಡ್ರೈವರ್ ಕೇಳಿದ್ರೆ ಈ ಗಾಡಿನೇ ಹಂಗೆ. ಎಲ್ರ ಮಾತಲ್ಲೂ ಒಂದೊಂದು ಪಾಲು ನಿಜ ಇರೋದ್ರಿಂದ್ಲೇ ಇದು ಇಷ್ಟು ಸಿಕ್ಕಾಗಿರೋದು, ಹಾಗಾಗಿ ಒಂದ್ಸಲ ಬುಡದಿಂದ ನೋಡೋಣ.

ಪವರ್ ಸ್ಟೇರಿಂಗ್ ಹುಟ್ಟಿದ್ದೇ ಲಾರಿ ಓಡಿಸೋರ ತೋಳು ನೋವಿಂದ ಅನ್ನಬಹುದು. ಅಮೆರಿಕದ ಪಿಯರ್ಸ್-ಆರೋ ಕಂಪ್ನಿಯ ಟ್ರಕ್ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ ಅನ್ನೋರು ಆ ಕೆಲಸ ಬಿಟ್ಟು ಸ್ವಂತಕ್ಕೆ ಕೂತು ಆಯಿಲ್ ಪ್ರೆಶರ್‌ನಿಂದ ಚಕ್ರ ತಿರುಗಿಸೋ ಸಿಸ್ಟಮ್ ಮಾಡಿ 1926ರಲ್ಲಿ ಗಾಡಿಗೆ ಹಾಕಿ ತೋರಿಸಿದ್ರು, ಖರ್ಚು ಜಾಸ್ತಿ ಅಂತ ಕಾರ್ ಕಂಪ್ನಿಗಳು ಹಿಂದೇಟು ಹಾಕಿದ್ವು, ಯುದ್ಧ ಬಂತು, ಮಿಲಿಟರಿ ಗಾಡಿಗಳಿಗೆ ಹಾಕಿದ್ರು, 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಲ್ಲಿ ಜನಕ್ಕೆ ಮಾರಾಟಕ್ಕೆ ಬಂತು, ಅಲ್ಲಿಂದ ನಮ್ಮೂರ ಪಿಕಪ್ಪಿಗೆ ಬರೋಕೆ ಹತ್ರ ಹತ್ರ ಇನ್ನೊಂದು ಅರ್ಧ ಶತಮಾನ ಹಿಡೀತು.

ಒಳಗಿನ ಕೆಲಸ ಮಾತ್ರ ಅಂಥಾ ಬದಲಾಗಿಲ್ಲ. ಇಂಜಿನ್ ಬೆಲ್ಟು ಪಂಪಿನ ಪುಲ್ಲಿ ತಿರುಗಿಸುತ್ತೆ, ಒಳಗೆ ಒಂದು ರೋಟರ್, ಅದರ ಸೀಳುಗಳಲ್ಲಿ ಹತ್ತರ ಆಸುಪಾಸು ಸಣ್ಣ ಉಕ್ಕಿನ ಬ್ಲೇಡುಗಳು, ಅವು ಮೊಟ್ಟೆ ಆಕಾರದ ರಿಂಗಿಗೆ ಒರಸ್ಕೊಂಡು ತಿರುಗ್ತಾ ಆಯಿಲನ್ನ ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಒತ್ತುತ್ತವೆ. ಪ್ರೆಶರ್ 80ರಿಂದ 100 ಬಾರ್‌ವರೆಗೂ ಏರುತ್ತೆ, ಗಾಡಿಯ ಮುಂದಿನ ಟೈರಲ್ಲಿರೋ ಗಾಳಿ 3 ಬಾರ್ ಆಸುಪಾಸು ಅಂತ ನೆನಪಿಟ್ಕೊಂಡ್ರೆ ಇದು ಎಷ್ಟು ಅಂತ ಅಂದಾಜಾಗುತ್ತೆ. ಇಷ್ಟು ಪ್ರೆಶರ್ ಹಿಡಿದಿಡೋಕೆ ರೋಟರಿಗೂ ಪಕ್ಕದ ಪ್ಲೇಟಿಗೂ ಮಧ್ಯೆ ತಲೆಗೂದಲಿಗಿಂತ ಸಣ್ಣ ಸಂದು ಇಟ್ಟಿರ್ತಾರೆ. ಆ ಸಂದಲ್ಲಿರೋ ಆಯಿಲ್ ಪದರವೇ ಪಂಪಿನ ಜೀವ. ಅದರಲ್ಲಿ ಗಾಳಿ ಸೇರಿದ್ರೆ, ಕಸ ಸೇರಿದ್ರೆ, ಆಯಿಲ್ ಕಾದು ನೀರಿನ ಹಾಗೆ ತೆಳುವಾದ್ರೆ ಲೋಹಕ್ಕೆ ಲೋಹ ತಗುಲುತ್ತೆ.

ನಮ್ಮ ಕಡೆಯ ಹಳೇ ಪಿಕಪ್ಪುಗಳಿಗೆ ಪವರ್ ಸ್ಟೇರಿಂಗೇ ಇರಲಿಲ್ಲ. ಲೋಡ್ ಗಾಡಿ ಮಂಡಿಯೊಳಗೆ ರಿವರ್ಸ್ ಹಾಕ್ಬೇಕಂದ್ರೆ ಡ್ರೈವರ್ ಸೀಟಿಂದ ಎದ್ದು ಸ್ಟೇರಿಂಗ್ ಮೇಲೆ ಬಿದ್ದು ತಿರುಗಿಸ್ತಿದ್ದ, ಭುಜ ಹೋಗ್ತಿತ್ತು, ಪಂಪು ಹೋಗ್ತಿರಲಿಲ್ಲ. ಪವರ್ ಸ್ಟೇರಿಂಗ್ ಬಂದ ಮೇಲೆ ಗ್ಯಾರೇಜಿನವರು ಅದನ್ನ ಗಾಡಿ ಮೇಲೇ ಕಲಿತ್ರು, ಯಾರೂ ಕೂರಿಸಿ ಹೇಳ್ಕೊಡಲಿಲ್ಲ. ಮೊದಲು ಸೀಲ್ ಕಿಟ್ ಹಾಕಿ ನೋಡ್ತಿದ್ರು, ಆಮೇಲೆ ರೀಕಂಡೀಷನ್ ಪಂಪು ಸಿಗೋಕೆ ಶುರುವಾಯ್ತು, ಆಮೇಲೆ ಕಡಿಮೆ ರೇಟಿನ ಹೊಸ ಪಂಪು. ರೇಟು ಇಳಿದಷ್ಟೂ ಬಿಚ್ಚಿ ನೋಡೋದು ಕಡಿಮೆಯಾಯ್ತು. ರಾತ್ರಿ ಲೋಡಿರುತ್ತೆ, ಬೆಳಗ್ಗೆ ಹರಾಜಿಗೆ ಮಾಲು ಮುಟ್ಟಬೇಕು, ಗಾಡಿ ನಿಂತ್ರೆ ಬಾಡಿಗೆ ಹೋಯ್ತು. ಪಂಪ್ ಬದಲಾಯಿಸೋಕೆ ಎರಡು ಗಂಟೆ, ಆಯಿಲ್ ಓಡಾಡೋ ಲೈನ್ ಪೂರ್ತಿ ತೊಳೆಯೋಕೆ ಅರ್ಧ ದಿನ. ಅರ್ಧ ದಿನ ಕಾಯೋಕೆ ಯಾರ ಹತ್ರಾನೂ ಟೈಮ್ ಇಲ್ಲ, ಆ ಅರ್ಧ ದಿನಕ್ಕೆ ಕೂಲಿ ಕೊಡೋಕೂ ಯಾರೂ ರೆಡಿ ಇಲ್ಲ. ನನ್ನ ಪ್ರಕಾರ ಎರಡನೇ ಪಂಪಿನ ಸಾವು ಇಲ್ಲೇ ಬರೆದಾಗಿರುತ್ತೆ.

ನಮ್ಮಣ್ಣನ ಗಾಡೀದು ಹೇಳ್ತೀನಿ. ಕಂಪ್ನಿಯಿಂದ ಬಂದ ಪಂಪು ನಾಲ್ಕು ವರ್ಷ ಬಾಳಿತು. ಎರಡನೇದು ಐದು ತಿಂಗಳು. ಮೂರನೇದು ಏಳೇ ವಾರ. ಮೂರೂ ಸಲ ಸದ್ದು ಒಂದೇ, ಬೆಳಗ್ಗೆ ಸ್ಟಾರ್ಟ್ ಮಾಡಿ ಸ್ಟೇರಿಂಗ್ ತಿರುಗಿಸಿದ ತಕ್ಷಣ ಗುಂಯ್ ಅಂತ ದುಂಬಿ ಹಿಡಿದ ಹಾಗೆ, ಆಮೇಲೆ ಗಟ್ಟಿಯಾಗೋದು, ಆಮೇಲೆ ಲೀಕು. ಮೂರನೇದು ಹೋದಾಗ ಒಬ್ಬ ವಯಸ್ಸಾದ ಮೆಕ್ಯಾನಿಕ್ ಪಂಪಿನ ಕಡೆ ನೋಡಲೇ ಇಲ್ಲ. ಆಯಿಲ್ ಡಬ್ಬಿಗೆ ವಾಪಸ್ ಬರೋ ರಿಟರ್ನ್ ಹೋಸ್ ಬಿಚ್ಚಿ ಹಳೇ ಆಯಿಲನ್ನ ಬಿಳಿ ಪಂಚೆ ತುಂಡಿನ ಮೇಲೆ ಸೋಸಿ ಆ ಬಟ್ಟೆಯನ್ನ ಬಿಸಿಲಿಗೆ ಹಿಡಿದ್ರು. ಡಿಕಾಕ್ಷನ್ ಬಣ್ಣದ ಕಲೆ, ಅದರ ತುಂಬ ಜರಿ ಉದುರಿಸಿದ ಹಾಗೆ ಮಿಣಮಿಣ ಲೋಹದ ಪುಡಿ. ಇದು ಮೂರನೇ ಪಂಪಿನದ್ದು ಮಾತ್ರ ಅಲ್ಲಪ್ಪ, ಮೊದಲನೇದು ಸಾಯೋವಾಗ ಉಗುಳಿದ್ದೂ ಇನ್ನೂ ಇದರಲ್ಲೇ ಇದೆ ಅಂದ್ರು.

ಆಮೇಲೆ ಪಂಪಿಗೆ ಆಯಿಲ್ ಕೊಡೋ ಡಬ್ಬಿ ಬಿಚ್ಚಿ ತೋರಿಸಿದ್ರು. ತುಂಬ ಗಾಡಿಗಳಲ್ಲಿ ಆ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲೇ ಒಂದು ಸಣ್ಣ ಜಾಲರಿ ಇರುತ್ತೆ, ಹೊರಗಿನಿಂದ ಕಾಣಲ್ಲ. ಪುಡಿ, ಹೋಸಿನ ಒಳಗಿಂದ ಬಿಟ್ಕೊಂಡ ರಬ್ಬರ್ ಚೂರು ಎಲ್ಲ ಸೇರಿ ಜಾಲರಿ ಮುಚ್ಚಿಹೋದ್ರೆ ಪಂಪಿಗೆ ಆಯಿಲ್ ಸಾಲಲ್ಲ, ಮೇಲಿನಿಂದ ನೋಡಿದ್ರೆ ಲೆವೆಲ್ ಸರಿಯಾಗೇ ಇರುತ್ತೆ. ಆಯಿಲ್ ಸಾಲದೇ ಎಳೆಯೋ ಪಂಪಲ್ಲಿ ಗುಳ್ಳೆ ಹುಟ್ಟುತ್ತವೆ, ಆ ಗುಳ್ಳೆ ಪ್ರೆಶರ್ ಕಡೆ ಬಂದು ಒಡೆದಾಗ ಲೋಹದ ಮೇಲೆ ಸೂಜಿ ಚುಚ್ಚಿದ ಹಾಗೆ ಗುಂಡಿ ಬೀಳುತ್ತೆ. ಹೊಸ ಪಂಪು ಹಾಕಿ ಹಳೇ ಡಬ್ಬಿ, ಹಳೇ ಹೋಸು, ಹಳೇ ಆಯಿಲ್ ಉಳಿಸೋದು ಅಂದ್ರೆ ಕೆಟ್ಟು ಹೋದ ಹಾಲಿನ ಪಾತ್ರೆ ತೊಳೀದೇ ಹೊಸ ಹಾಲು ಕಾಯಿಸಿದ ಹಾಗೆ.

ತೊಳೆಯೋ ಕ್ರಮ ಕಷ್ಟದ್ದೇನಲ್ಲ. ಮುಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ, ರಿಟರ್ನ್ ಹೋಸನ್ನ ಡಬ್ಬಿಯಿಂದ ಬಿಡಿಸಿ ಬಾಟಲಿಗೆ ಬಿಟ್ಟು, ಡಬ್ಬಿಯ ಆ ಬಾಯಿ ಮುಚ್ಚಿ, ಮೇಲಿಂದ ಹೊಸ ಆಯಿಲ್ ಹಾಕ್ತಾ ಇಂಜಿನ್ ಆಫಲ್ಲೇ ಸ್ಟೇರಿಂಗನ್ನ ಆ ಕಡೆಯಿಂದ ಈ ಕಡೆಗೆ ತಿರುಗಿಸ್ತಾ ಹೋಗೋದು, ಬಟ್ಟೆ ಮೇಲೆ ಪುಡಿ ಕಾಣದೇ ಇರೋವರೆಗೂ. ಆಯಿಲ್ ಪ್ರೆಶರ್‌ನಿಂದ ಚಕ್ರ ತಿರುಗಿಸೋ ಸ್ಟೇರಿಂಗ್ ಬಾಕ್ಸಿನ ಒಳಗಿನ ಕಸ ಹಂಗೆ ತಿರುಗಿಸಿದ್ರೇನೇ ಹೊರಗೆ ಬರೋದು. ಅಣ್ಣನ ಗಾಡಿ ತೊಳೆಯೋಕೆ ಮೂರು ಲೀಟರ್ ಆಯಿಲ್ ಹಿಡೀತು. ಡಬ್ಬಿ ತೊಳೆದ್ರೆ ಸಾಲದು, ಜಾಲರಿ ಹಾಳಾಗಿದ್ರೆ ಡಬ್ಬೀನೇ ಬದಲಾಯಿಸ್ಬೇಕು.

ಗಾಳಿ ತೆಗೆಯೋದೂ ಇದೇ ರೀತಿ. ಪಂಪ್ ಕೂರಿಸಿದ ತಕ್ಷಣ ಇಂಜಿನ್ ಸ್ಟಾರ್ಟ್ ಮಾಡಿ ಜೋರಾಗಿ ರೇಸ್ ಮಾಡೋದು ನಾನೇ ಎಷ್ಟೋ ಕಡೆ ನೋಡಿದೀನಿ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಒಳಗೆ ಇನ್ನೂ ಆಯಿಲ್ ತುಂಬಿರಲ್ಲ, ಬ್ಲೇಡು ಒಣಗಿರೋ ರಿಂಗ್ ಮೇಲೆ ಉಜ್ಜುತ್ತೆ. ಮೊದಲು ಇಂಜಿನ್ ಆಫಲ್ಲಿ ಇಪ್ಪತ್ತು ಸಲನಾದ್ರೂ ತಿರುಗಿಸಿ ಲೆವೆಲ್ ನೋಡ್ಕೋಬೇಕು. ಆಮೇಲೂ ಆಯಿಲ್ ನೊರೆ ಬಂದು ಹಾಲು ಬೆರೆಸಿದ ಹಾಗೆ ಮಬ್ಬಾಗಿದ್ರೆ ಗಾಳಿ ಎಲ್ಲಿಂದಲೋ ಒಳಗೆ ಬರ್ತಿದೆ ಅಂತ, ಡಬ್ಬಿಯಿಂದ ಪಂಪಿಗೆ ಬರೋ ಹೋಸು, ಅದರ ಕ್ಲಾಂಪು, ಪಂಪಿನ ಬಾಯಿಯ ಓ-ರಿಂಗು ನೋಡ್ಬೇಕು. ಆ ಕಡೆ ಎಳೆತ ಇರೋದೇ ಹೊರತು ಪ್ರೆಶರ್ ಇರಲ್ಲ, ಹಾಗಾಗಿ ಗಾಳಿ ಒಳಗೆ ಹೋಗುತ್ತೆ, ಆಯಿಲ್ ಹೊರಗೆ ಸೋರಲೇಬೇಕು ಅಂತಿಲ್ಲ. ಲೀಕ್ ಇಲ್ಲ ಅಂತ ಬಿಟ್ಟುಬಿಡ್ತಾರೆ.

ಆಯಿಲ್ ಯಾವುದು ಅನ್ನೋದು ಇನ್ನೊಂದು ಹಳೇ ಗೊಂದಲ. ಕೆಂಪು ಆಯಿಲ್ ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಅಂತ ಮಾಡಿದ್ದು, ಜನರಲ್ ಮೋಟರ್ಸ್‌ನವರು 1949ರಲ್ಲಿ ಟೈಪ್ ಎ ಅಂತ ತಂದ್ರು, 60ರ ದಶಕದ ಕೊನೆಗೆ ಡೆಕ್ಸ್‌ರಾನ್ ಆಯ್ತು, ಒಂದು ಕಾಲಕ್ಕೆ ಅದಕ್ಕೆ ತಿಮಿಂಗಿಲದ ಎಣ್ಣೆ ಕೂಡ ಬೆರೆಸ್ತಿದ್ರು, ಆಮೇಲೆ ನಿಂತುಹೋಯ್ತು, ಡೆಕ್ಸ್‌ರಾನ್ ನಂಬರ್ ಬದಲಾಗ್ತಾ ಬದಲಾಗ್ತಾ ಬಂತು. ಕೆಲವು ಗಾಡಿಗೆ ಅದೇ ಸರಿ, ಕೆಲವಕ್ಕೆ ಬೇರೆ ಹೈಡ್ರಾಲಿಕ್ ಆಯಿಲ್ಲೇ ಬೇಕು, ಮ್ಯಾನ್ಯುಯಲ್ಲಲ್ಲಿ ಬರೆದಿರುತ್ತೆ. ದಾರೀಲಿ ಕಡಿಮೆಯಾಯ್ತು ಅಂತ ಬ್ರೇಕ್ ಆಯಿಲ್ ಹಾಕೋದು ಮಾತ್ರ ದೊಡ್ಡ ಅನಾಹುತ, ಈ ಸಿಸ್ಟಮ್ಮಿನ ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗಿ ಹಾಳಾಗ್ತವೆ, ಆಮೇಲೆ ಎಷ್ಟು ಪಂಪ್ ಹಾಕಿದ್ರೂ ಬಾಕ್ಸ್ ಲೀಕು.

ಇಷ್ಟೆಲ್ಲ ಊಹೆ ಮಾಡೋ ಬದಲು ಒಂದು ಗೇಜ್ ಹಾಕಿದ್ರೆ ಅರ್ಧ ಜಗಳ ಮುಗಿಯುತ್ತೆ. ಪಂಪಿಗೂ ಪ್ರೆಶರ್ ಹೋಸಿಗೂ ಮಧ್ಯೆ ವಾಲ್ವ್ ಇರೋ ಗೇಜ್ ಕೂರಿಸಿ ಆಯಿಲ್ ಬಿಸಿಯಾದ ಮೇಲೆ ಐಡ್ಲಿಂಗಲ್ಲಿ ಸ್ಟೇರಿಂಗ್ ನೇರ ಇಟ್ಟು ನೋಡಿದ್ರೆ ಸಾಮಾನ್ಯವಾಗಿ 10 ಬಾರ್ ಒಳಗೇ ಇರ್ಬೇಕು. ಅದಕ್ಕಿಂತ ತುಂಬ ಜಾಸ್ತಿ ಇದ್ರೆ ಮುಂದೆ ಎಲ್ಲೋ ಅಡ್ಡ ಕಟ್ಟಿದೆ, ಹೊರಗೆ ಚೆನ್ನಾಗಿ ಕಾಣೋ ರಿಟರ್ನ್ ಹೋಸಿನ ಒಳಪದರ ಕಳಚಿ ಮುಚ್ಕೊಂಡಿರಬಹುದು, ಹಂಗಿದ್ರೆ ಎಷ್ಟು ಒಳ್ಳೇ ಪಂಪಾದ್ರೂ ಕಾದು ಸಾಯುತ್ತೆ. ಆಮೇಲೆ ವಾಲ್ವನ್ನ ಮುಚ್ಚಿ, ಐದು ಸೆಕೆಂಡಿಗಿಂತ ಜಾಸ್ತಿ ಅಲ್ಲ, ಆ ಗಾಡಿಗೆ ಹೇಳಿರೋ ಪ್ರೆಶರ್ ಬರ್ದಿದ್ರೆ ಪಂಪು ಸೋತಿದೆ ಇಲ್ಲಾ ಪಂಪಿನ ಒಳಗಿನ ವಾಲ್ವಲ್ಲಿ ಪುಡಿ ಸಿಕ್ಕಿದೆ. ವಾಲ್ವ್ ಮುಚ್ಚಿದಾಗ ಸರಿ ಬಂದು, ತೆರೆದು ಫುಲ್ ಲಾಕ್, ಅಂದ್ರೆ ಸ್ಟೇರಿಂಗ್ ಕೊನೇವರೆಗೂ, ತಿರುಗಿಸಿದಾಗ ಕಡಿಮೆ ಬಂದ್ರೆ ಪಂಪಿಂದೇನೂ ತಪ್ಪಿಲ್ಲ, ಸ್ಟೇರಿಂಗ್ ಬಾಕ್ಸ್ ಒಳಗೇ ಲೀಕ್ ಆಗ್ತಿದೆ. ಸಣ್ಣ ಗ್ಯಾರೇಜಲ್ಲಿ ಈ ಗೇಜ್ ನೋಡಿದ್ದು ನಾನು ಒಂದೇ ಕಡೆ.

ಕೂರಿಸೋವಾಗಲೇ ಹೊಸ ಪಂಪು ಏಟು ತಿನ್ನೋದೂ ಉಂಟು. ಪುಲ್ಲಿಗೆ ಪುಲ್ಲರ್ ಬೇಕು, ಇಲ್ಲ ಅಂತ ಸುತ್ತಿಗೆಯಿಂದ ಬಡೀತಾರೆ, ಆ ಏಟು ಶಾಫ್ಟಿಂದ ನೇರ ಒಳಗಿನ ಪ್ಲೇಟಿಗೆ ಹೋಗುತ್ತೆ. ಬೆಲ್ಟ್ ಜಾರಬಾರ್ದು ಅಂತ ತಂತಿ ಹಾಗೆ ಬಿಗಿದ್ರೆ ಬುಷ್ ತಿಂದು ಸೀಲ್ ಹೋಗುತ್ತೆ.

ಓವರ್‌ಲೋಡ್ ವಿಷ್ಯಕ್ಕೆ ಬರ್ತೀನಿ, ಎಲ್ರೂ ಮೊದಲು ಹೇಳೋದು ಅದನ್ನೇ. ಕೋಲಾರದ ಟೊಮೇಟೊ ಬಾಕ್ಸು 15 ಕೆಜಿ, ಒಂದೂವರೆ ಟನ್ ಗಾಡಿಗೆ ಲೆಕ್ಕಕ್ಕೆ 100 ಬಾಕ್ಸು, 180 ಬಾಕ್ಸ್ ಹೇರ್ಕೊಂಡು ಹೋಗೋ ಗಾಡಿ ದಿನಾ ಕಾಣುತ್ತೆ. ಅದು ಬ್ರೇಕಿಗೆ, ಟೈರಿಗೆ, ಎದುರು ಬರೋರ ಪ್ರಾಣಕ್ಕೆ ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪಿಕಪ್ಪಲ್ಲಿ ಹೇರಿದ ಭಾರ ಜಾಸ್ತಿ ಬೀಳೋದು ಹಿಂದಿನ ಆಕ್ಸೆಲ್ ಮೇಲೆ, ಮುಂದಿನ ಚಕ್ರಕ್ಕೆ ಅದರ ಪಾಲು ಕಡಿಮೆ. ಪಂಪಿಗೆ ನಿಜವಾಗಿ ಹೊಡೆತ ಬೀಳೋದು ಮಂಡಿಯೊಳಗೆ, ಗಾಡಿ ನಿಂತಲ್ಲೇ ಚಕ್ರ ತಿರುಗಿಸಿ ಫುಲ್ ಲಾಕಲ್ಲಿ ಹಿಡ್ಕೊಂಡು ಕೂತಾಗ. ಆಗ ಆಯಿಲ್ ಎಲ್ಲೂ ಹೋಗದೇ ಪಂಪೊಳಗೇ ಸುತ್ತಿ ಕಾಯುತ್ತೆ. ಲಾಕಿಗೆ ಮುಟ್ಟಿದ ಮೇಲೆ ಒಂದು ಬೆರಳಗಲ ವಾಪಸ್ ಬಿಟ್ಟು, ಗಾಡಿ ಸ್ವಲ್ಪ ಉರುಳ್ತಿದ್ದಾಗ ತಿರುಗಿಸಿದ್ರೆ ಸಾಕು. ಹಾಗೇ ಬಾಲ್ ಜಾಯಿಂಟು, ಕಿಂಗ್ ಪಿನ್ನು ಗ್ರೀಸ್ ಇಲ್ದೆ ಹಿಡ್ಕೊಂಡಿದ್ರೆ ಆ ಬಿಗಿಯನ್ನೂ ಪಂಪೇ ಹೊರಬೇಕು.

ಹೊಸ ಗಾಡಿಗಳಲ್ಲಿ ಈ ಕಥೇನೇ ನಿಧಾನಕ್ಕೆ ಬದಲಾಗ್ತಿದೆ, 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಕಾರಿಗೆ ಬಂದ ಎಲೆಕ್ಟ್ರಿಕ್ ಸ್ಟೇರಿಂಗ್ ಈಗ ನಮ್ಮ ಸಣ್ಣ ಕಾರುಗಳಲ್ಲಿ ಮಾಮೂಲಿ, ಅದರಲ್ಲಿ ಪಂಪೂ ಇಲ್ಲ ಆಯಿಲ್ಲೂ ಇಲ್ಲ. ಲೋಡ್ ಗಾಡಿಗಳಲ್ಲಿ ಮಾತ್ರ ಹೈಡ್ರಾಲಿಕ್ ಇನ್ನೂ ತುಂಬ ಕಡೆ ಇದೆ, ಈಗ ರೋಡಲ್ಲಿರೋವು ಇನ್ನೂ ಹತ್ತು ಹದಿನೈದು ವರ್ಷ ಓಡ್ತವೆ.

ಅಣ್ಣನ ಗಾಡಿಗೆ ಹಾಕಿದ ನಾಲ್ಕನೇ ಪಂಪಿಗೆ ಈಗ ಎರಡು ವರ್ಷ ಆಯ್ತು. ಅದೇ ಅಂಗಡಿ, ಅದೇ ಮಾಡೆಲ್ಲು, ಅದೇ ರೇಟಿನ ಪಂಪು. ಹೋದ ತಿಂಗಳು ಲೋಡ್ ಇಳಿಸಿ ಬಂದವನು ಡಬ್ಬಿ ಮುಚ್ಚಳ ತೆಗೆದು ಎರಡು ಹನಿ ಬಿಳಿ ಬಟ್ಟೆ ಮೇಲೆ ಬಿಟ್ಟು ತಂದು ತೋರಿಸಿದ. ಕಲೆ ಇನ್ನೂ ಕೆಂಪಗೇ ಇತ್ತು, ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದ್ವಿ, ಏನೂ ಮಿಣುಕಲಿಲ್ಲ.