ಪ್ಲುಟೋ ಸಣ್ಣದು ನಿಜ, ಆದರೆ ಕಾರಣ ಅದಲ್ಲ

ಕಳೆದ ವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಉತ್ತರ ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಎರಡು ಅಂಕದ ಪ್ರಶ್ನೆ. ಪ್ಲುಟೋವನ್ನು ಈಗ ಗ್ರಹ ಎಂದು ಏಕೆ ಕರೆಯುವುದಿಲ್ಲ? ಅವಳು ಬರೆದದ್ದು, "ಅದು ತನ್ನ ದಾರಿಯಲ್ಲಿರುವ ಬೇರೆ ಕಾಯಗಳನ್ನು ಸರಿಸಿ ದಾರಿ ಖಾಲಿ ಮಾಡಿಕೊಂಡಿಲ್ಲ." ಅದರ ಮೇಲೆ ಕೆಂಪು ಪೆನ್ನಿನ ಗೀಟು. ಪಕ್ಕದಲ್ಲಿ ಸರಿ ಉತ್ತರ ಅಂತ ಬರೆದಿದ್ದರು, "ಗಾತ್ರ ಬಹಳ ಚಿಕ್ಕದು."

"ನೀವು ಹೇಳಿದ್ದನ್ನ ಬರದೀನ್ರಿ ಸರ," ಅಂದಳು. ಕಣ್ಣಲ್ಲಿ ನೀರಿತ್ತು. ಹೌದು, ನಾನೇ ಹೇಳಿದ್ದು. ಹದಿನಾರು ವರ್ಷದಿಂದ ವಿಜಯಪುರ, ಬಾಗಲಕೋಟೆ ಕಡೆಯ ಶಾಲೆಗಳಿಗೆ ಟೆಲಿಸ್ಕೋಪ್ ಒಯ್ದು ಇದನ್ನೇ ಹೇಳುತ್ತಿದ್ದೇನೆ. ಆದರೂ ಪ್ರತಿ ಸಲ ಯಾರಾದರೂ ಎದ್ದು ನಿಂತು "ಸಣ್ಣದೈತಿ ಅಂತ ತಗದ್ರು" ಅನ್ನುತ್ತಾರೆ, ಉಳಿದವರೆಲ್ಲ ತಲೆ ಆಡಿಸುತ್ತಾರೆ. ಮಕ್ಕಳಷ್ಟೇ ಅಲ್ಲ, ಮೇಷ್ಟ್ರುಗಳೂ ಹೇಳುತ್ತಾರೆ, ಎಂಜಿನಿಯರುಗಳೂ ಹೇಳುತ್ತಾರೆ. ಅದಕ್ಕೇ ಇವತ್ತು ಈ ಒಂದು ವಿಷಯವನ್ನು ಕೂತು ಬಿಡಿಸಿ ಬರೆಯೋಣ ಅನ್ನಿಸಿತು.

ಮೊದಲು ಇನ್ನೊಂದು ಗೊಂದಲವನ್ನು ಪಕ್ಕಕ್ಕೆ ಇಡುತ್ತೇನೆ. "ಒಂಬತ್ತರಾಗ ಒಂದು ಹೋದ್ರ ನವಗ್ರಹ ಪೂಜಿ ಹೆಂಗ್ರಿ?" ಅಂತ ಹಿರಿಯರು ಕೇಳುತ್ತಾರೆ. ನವಗ್ರಹಗಳಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಇದ್ದಾರೆ. ಪ್ಲುಟೋ ಯಾವತ್ತೂ ಇರಲಿಲ್ಲ, ಯುರೇನಸ್, ನೆಪ್ಚೂನ್ ಕೂಡ ಇಲ್ಲ. ಅದು ಬೇರೆ ಪಟ್ಟಿ, ಇದು ಬೇರೆ ಪಟ್ಟಿ. ಒಂಬತ್ತು ಅನ್ನೋ ಸಂಖ್ಯೆ ಎರಡಕ್ಕೂ ಕೆಲವು ವರ್ಷ ಒಂದೇ ಇತ್ತು, ಅಷ್ಟೇ.

ಈಗ ಗಾತ್ರದ ವಿಷಯ. ಪ್ಲುಟೋವನ್ನು ಕ್ಲೈಡ್ ಟಾಂಬೋ ಕಂಡುಹಿಡಿದದ್ದು 1930ರ ಫೆಬ್ರವರಿ 18ರಂದು, ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ. ಆರು ದಿನದ ಅಂತರದಲ್ಲಿ ಆಕಾಶದ ಒಂದೇ ಭಾಗದ ಎರಡು ಫೋಟೋ ತೆಗೆದು, ಅವೆರಡನ್ನೂ ಒಂದಾದ ಮೇಲೊಂದರಂತೆ ನೋಡುತ್ತಾ, ಸಾವಿರಾರು ಚುಕ್ಕೆಗಳ ನಡುವೆ ಯಾವ ಚುಕ್ಕೆ ಸರಿದಿದೆ ಅಂತ ಹುಡುಕುವ ಕೆಲಸ. ಆಗ ಅವರಿಗೆ 24 ವರ್ಷ. ರೈತರ ಮಗ. ಮೊದಮೊದಲು ಪ್ಲುಟೋ ಭೂಮಿಯಷ್ಟು ಭಾರ ಇರಬಹುದು ಅಂತ ಅಂದಾಜು ಮಾಡಿದ್ದರು. ಆಮೇಲೆ ಅಂದಾಜು ಇಳಿಯುತ್ತಾ ಬಂತು. 1978ರಲ್ಲಿ ಅದರ ಉಪಗ್ರಹ ಶಾರನ್ ಸಿಕ್ಕಿತು. ಸುತ್ತ ತಿರುಗುವ ಉಪಗ್ರಹ ಸಿಕ್ಕರೆ ನಡುವಿನದ್ದರ ತೂಕ ಲೆಕ್ಕ ಹಾಕಬಹುದು, ಹಾಕಿದರು. ಭೂಮಿಯ ನಾನೂರರಲ್ಲಿ ಒಂದು ಪಾಲೂ ಇಲ್ಲ! ನಮ್ಮ ಚಂದ್ರನಿಗಿಂತ ಸಣ್ಣದು.

ಇಲ್ಲಿ ಸ್ವಲ್ಪ ನಿಲ್ಲಿ. ಪ್ಲುಟೋ ಸಣ್ಣದು ಅಂತ ಗೊತ್ತಾದದ್ದು 1978ರಲ್ಲಿ. ಗ್ರಹದ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ನಡುವಿನ 28 ವರ್ಷ ಅದು ಗ್ರಹವಾಗಿಯೇ ಇತ್ತು. ನಾವೆಲ್ಲ ಶಾಲೆಯಲ್ಲಿ ಒಂಬತ್ತು ಅಂತಲೇ ಬಾಯಿಪಾಠ ಮಾಡಿದೆವು. ಸಣ್ಣದು ಅನ್ನೋದೇ ಕಾರಣ ಆಗಿದ್ದರೆ ಆವತ್ತೇ ತೆಗೀತಿದ್ದರು, ಅಲ್ವಾ?

ಹಾಗಾದರೆ ನಡುವೆ ಏನಾಯಿತು? ನೆರೆಹೊರೆ ಕಾಣಿಸಿತು. 1992ರಲ್ಲಿ ಡೇವಿಡ್ ಜೂವಿಟ್ ಮತ್ತು ಜೇನ್ ಲೂ ಇಬ್ಬರೂ ಸೇರಿ ನೆಪ್ಚೂನ್ ಆಚೆ ಇನ್ನೊಂದು ಕಾಯ ಕಂಡುಹಿಡಿದರು. ಆಮೇಲೆ ಇನ್ನೊಂದು, ಮತ್ತೊಂದು, ನೂರಾರು. ಪ್ಲುಟೋ ಒಂಟಿ ಅಲ್ಲ, ದೊಡ್ಡದೊಂದು ಹಿಮಗಲ್ಲುಗಳ ಪಟ್ಟಿಯೊಳಗೆ ಓಡಾಡುತ್ತಿದೆ ಅಂತ ಗೊತ್ತಾಯಿತು. ಇದೇ ಕೈಪರ್ ಪಟ್ಟಿ. 2005ರಲ್ಲಿ ಮೈಕ್ ಬ್ರೌನ್ ಮತ್ತು ಅವರ ಜೊತೆಗಾರರಿಗೆ ಎರಿಸ್ ಸಿಕ್ಕಿತು. ಆಗಿನ ಲೆಕ್ಕದಲ್ಲಿ ಅದು ಪ್ಲುಟೋಗಿಂತ ದೊಡ್ಡದು. ಈಗ ಏನು ಮಾಡೋದು? ಎರಿಸ್‌ಗೆ ಹತ್ತನೇ ಗ್ರಹ ಅನ್ನಬೇಕು, ನಾಳೆ ಸಿಗೋದಕ್ಕೆ ಹನ್ನೊಂದನೆಯದು ಅನ್ನಬೇಕು, ಇಲ್ಲಾ ಗ್ರಹ ಅಂದರೆ ಏನು ಅಂತ ಗಟ್ಟಿಯಾಗಿ ಹೇಳಬೇಕು.

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೇಳಿತು. ಸೂರ್ಯನ ಸುತ್ತ ತಿರುಗಬೇಕು. ತನ್ನ ಸ್ವಂತ ಗುರುತ್ವದ ಬಲದಿಂದಲೇ ಹೆಚ್ಚುಕಡಿಮೆ ಗುಂಡಗೆ ಆಗಿರಬೇಕು. ಮತ್ತು ತನ್ನ ದಾರಿಯ ಆಸುಪಾಸನ್ನು ಖಾಲಿ ಮಾಡಿಕೊಂಡಿರಬೇಕು. ಪ್ಲುಟೋ ಮೊದಲ ಎರಡರಲ್ಲಿ ಪಾಸ್, ಮೂರನೆಯದರಲ್ಲಿ ಇಲ್ಲ. ಎರಡರಲ್ಲಿ ಮಾತ್ರ ಪಾಸಾದದ್ದು, ಮತ್ತೊಂದರ ಉಪಗ್ರಹವೂ ಅಲ್ಲದ್ದು, ಕುಬ್ಜ ಗ್ರಹ. ಇಷ್ಟು ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಗ್ರಹ ಅಲ್ಲ ಅಂತ ಎಲ್ಲೂ ಬರೆದಿಲ್ಲ. ಎಲ್ಲೂ ಇಲ್ಲ. "ಕುಬ್ಜ" ಅನ್ನೋ ಹೆಸರೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ ಅಂತ ನನಗೆ ಅನ್ನಿಸುತ್ತದೆ. ಹೆಸರು ಕೇಳಿದ ಕೂಡಲೇ ಮನಸ್ಸು ಅಳತೆ ಪಟ್ಟಿ ಹಿಡಿಯುತ್ತದೆ.

ಈ ಮೂರನೇ ಮಾತನ್ನು ಹೇಗೆ ತಿಳಿಸೋದು ಅಂತ ನಾನು ತುಂಬಾ ದಿನ ಒದ್ದಾಡಿದ್ದೇನೆ. ನನಗೆ ಅದನ್ನು ಕಲಿಸಿದ್ದು ಬೀಳಗಿ ತಾಲ್ಲೂಕಿನ ಒಬ್ಬ ಅಜ್ಜ. ಸೀತನಿ ಸುಡುವ ಕಾಲ, ಥಂಡಿ ಇತ್ತು. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಗುರು ಗ್ರಹ ತೋರಿಸುತ್ತಿದ್ದೆ. ಅಜ್ಜ ಮೊಮ್ಮಗನ ಜೊತೆ ಬಂದಿದ್ದರು. ಗುರುವಿನ ಪಕ್ಕ ಸಾಲಾಗಿ ನಾಲ್ಕು ಚುಕ್ಕೆ ಕಾಣುತ್ತವೆ, ಅವು ಅದರ ಚಂದ್ರಗಳು. ಅದರಲ್ಲಿ ಗ್ಯಾನಿಮೀಡ್ ಅನ್ನೋದು 5,268 ಕಿಲೋಮೀಟರ್ ಅಗಲ ಇದೆ, ಬುಧ ಗ್ರಹವೇ 4,879, ಅಂದರೆ ಗ್ರಹಕ್ಕಿಂತ ಆ ಚಂದ್ರ ದೊಡ್ಡದು ಅಂತ ಹೇಳುತ್ತಿದ್ದೆ. ಅಜ್ಜ ಕೇಳಿದರು, "ಹಂಗಾರ ದೊಡ್ಡದು ಸಣ್ಣದು ಅಂತ ಲೆಕ್ಕ ಇಲ್ಲೇನ್ರಿ?"

ದಾರಿ ಖಾಲಿ ಮಾಡೋದರ ಕಥೆ ಹೇಳಿದೆ. ಸುಮಾರು 450 ಕೋಟಿ ವರ್ಷದ ಹಿಂದೆ ಸೂರ್ಯನ ಸುತ್ತ ಕಲ್ಲು, ಹಿಮ, ಧೂಳು ತುಂಬಿತ್ತು. ಒಂದೊಂದು ದಾರಿಯಲ್ಲಿ ಒಂದೊಂದು ಕಾಯ ದೊಡ್ಡದಾಗುತ್ತಾ ಹೋಯಿತು. ದಾರಿಗೆ ಬಂದ ಸಣ್ಣಪುಟ್ಟದ್ದನ್ನು ನುಂಗಿತು, ಇಲ್ಲಾ ಎಳೆದು ದೂರ ಎಸೆಯಿತು, ಇಲ್ಲಾ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಕೊನೆಗೆ ಆ ದಾರಿಯಲ್ಲಿ ಅದೇ ಯಜಮಾನ. ಅಜ್ಜ ಕೇಳಿಸಿಕೊಂಡು ಹೇಳಿದರು, "ಅಂದ್ರ ಎಡಿ ಹೊಡದು, ಕಸ ತಗದು, ಹೊಲ ಹಸನ ಮಾಡಿಕೊಂಡಾಂವ ಗ್ರಹ. ಹಸನ ಮಾಡಾಕ ಆಗದಾಂವ ಅದರಾಗ ಒಬ್ಬಾಂವ. ಹೌದಲ್ರಿ?"

ಹೌದು. ಅವತ್ತಿನಿಂದ ನಾನು "ಕಕ್ಷೆಯ ನೆರೆಹೊರೆಯ ನಿರ್ಮೂಲನೆ" ಅಂತ ಪುಸ್ತಕದ ಮಾತು ಹೇಳೋದನ್ನು ಬಿಟ್ಟಿದ್ದೇನೆ. ಹಸನು ಮಾಡೋದು ಅನ್ನುತ್ತೇನೆ. ನಮ್ಮ ಕಡೆ ಜೋಳ ಹಸನು ಮಾಡುತ್ತಾರೆ, ಅಕ್ಕಿ ಹಸನು ಮಾಡುತ್ತಾರೆ, ಹೊಲ ಹಸನು ಮಾಡುತ್ತಾರೆ. ಎಂಟು ಗ್ರಹಗಳೂ ದಾರಿ ಹಸನು ಮಾಡಿಕೊಂಡಿವೆ.

ಎಷ್ಟು ಹಸನು? ಸ್ಟೀವನ್ ಸೋಟರ್ ಎಂಬ ಖಗೋಳ ವಿಜ್ಞಾನಿ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಭೂಮಿಯ ದಾರಿಯ ವಲಯದಲ್ಲಿ ಉಳಿದ ಎಲ್ಲವನ್ನೂ ಒಟ್ಟು ಮಾಡಿ ತೂಗಿದರೆ, ಭೂಮಿ ಅದರ ಸುಮಾರು 17 ಲಕ್ಷ ಪಟ್ಟು ಭಾರ. ಪ್ಲುಟೋ? ತನ್ನ ವಲಯದಲ್ಲಿ ಉಳಿದದ್ದರ ಹತ್ತನೇ ಒಂದು ಪಾಲಷ್ಟೂ ಇಲ್ಲ. ಇವು ಅಂದಾಜು ಲೆಕ್ಕಗಳೇ, ಹೊಸ ಕಾಯ ಸಿಕ್ಕಹಾಗೆ ಅಂಕಿ ಆಚೀಚೆ ಆಗಬಹುದು. ಆದರೆ ಗ್ರಹಗಳ ಸಾವಿರ, ಲಕ್ಷಗಳ ಅಂಕಿ ಒಂದು ಕಡೆ, ಕುಬ್ಜ ಗ್ರಹಗಳ ಒಂದಕ್ಕಿಂತ ಕಡಿಮೆ ಅಂಕಿ ಇನ್ನೊಂದು ಕಡೆ. ನಡುವೆ ಏನೂ ಇಲ್ಲದ ದೊಡ್ಡ ಕಂದಕ. ಆ ಕಂದಕ ನಾವು ಕಟ್ಟಿದ್ದಲ್ಲ, ಆಕಾಶದಲ್ಲೇ ಇದೆ.

ಸಣ್ಣದಾಗಿರೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹಸನು ಮಾಡೋಕೆ ಕಸುವು ಬೇಕು, ಕಸುವು ಬರೋದು ತೂಕದಿಂದ. ಬುಧ ಪ್ಲುಟೋಗಿಂತ ಸುಮಾರು 25 ಪಟ್ಟು ಭಾರ. ಆದರೆ ತೂಕ ಒಂದೇ ಸಾಲದು, ಎಲ್ಲಿ ಇದ್ದೀಯ ಅನ್ನೋದೂ ಮುಖ್ಯ. ಗೋಳಗುಮ್ಮಟದ ಗುಮ್ಮಟವೇ ಸೂರ್ಯ ಅಂದುಕೊಳ್ಳಿ, ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಆಗ ಬುಧ ಗೇಣಿಗಿಂತ ಸಣ್ಣ ಚೆಂಡು, ಸರಾಸರಿ ಎರಡು ಕಿಲೋಮೀಟರ್ ಒಳಗೇ ಸುತ್ತುತ್ತದೆ, ವಿಜಯಪುರ ಊರೂ ದಾಟುವುದಿಲ್ಲ. ಪ್ಲುಟೋ ಏಳೆಂಟು ಸೆಂಟಿಮೀಟರ್ ಚೆಂಡು, ಸರಾಸರಿ 187 ಕಿಲೋಮೀಟರ್ ದೂರದಲ್ಲಿ, ಬೆಳಗಾವಿಯಾಚೆ. ಅಷ್ಟು ದೊಡ್ಡ ಸುತ್ತು ಮುಗಿಸೋಕೆ ಅದಕ್ಕೆ 248 ವರ್ಷ ಬೇಕು. ಬುಧನಿಗೆ 88 ದಿನ ಸಾಕು. ಪ್ಲುಟೋ ಒಂದು ಸಲ ಎಡೆ ಹೊಡೆಯುವಷ್ಟರಲ್ಲಿ ಬುಧ ಸಾವಿರಕ್ಕೂ ಹೆಚ್ಚು ಸಲ ಹೊಡೆದಿರುತ್ತಾನೆ, ಅದೂ ಅಂಗೈ ಅಗಲದ ಹೊಲದಲ್ಲಿ. ಇದೇ ಬುಧನನ್ನು ಎತ್ತಿ ಪ್ಲುಟೋ ಜಾಗದಲ್ಲಿ ಬಿಟ್ಟರೆ? ವಿಜ್ಞಾನಿಗಳು ಬಳಸುವ ಸೂತ್ರಗಳಲ್ಲಿ ಹಾಕಿ ನೋಡಿದ್ದೇನೆ. ಒಂದರಲ್ಲಿ ಕಷ್ಟಪಟ್ಟು ಪಾಸಾಗುತ್ತಾನೆ, ಇನ್ನೊಂದರಲ್ಲಿ ಸ್ವಲ್ಪದರಲ್ಲೇ ಫೇಲಾಗುತ್ತಾನೆ. ಅದೇ ಬುಧ, ಅದೇ ಗಾತ್ರ.

ಇನ್ನು "ಪಾಪ ಪ್ಲುಟೋ" ಅನ್ನೋರಿಗೆ ಸೀರಿಸ್ ಕಥೆ ಹೇಳುತ್ತೇನೆ. 1801ರ ಜನವರಿ 1ರಂದು ಪಿಯಾಝಿ ಎಂಬ ಇಟಲಿಯ ಪಾದ್ರಿ ಅದನ್ನು ಕಂಡರು. ಮಂಗಳ ಮತ್ತು ಗುರು ಗ್ರಹಗಳ ನಡುವೆ, 940 ಕಿಲೋಮೀಟರ್ ಅಗಲದ್ದು. ಸುಮಾರು ಐವತ್ತು ವರ್ಷ ಅದು ಪುಸ್ತಕಗಳಲ್ಲಿ ಗ್ರಹವಾಗಿತ್ತು. ಅಷ್ಟರಲ್ಲಿ ಅದೇ ಜಾಗದಲ್ಲಿ ಪಲ್ಲಾಸ್, ಜೂನೋ, ವೆಸ್ಟಾ ಅಂತ ಒಂದೊಂದೇ ಸಿಕ್ಕವು, ಎಣಿಕೆ ಜಾಸ್ತಿ ಆಯಿತು, ಎಲ್ಲವನ್ನೂ ಕ್ಷುದ್ರಗ್ರಹ ಅಂದರು. ಪ್ಲುಟೋಗೆ ಆದದ್ದು ಅದೇ. 2006ರಲ್ಲಿ ಸೀರಿಸ್ ಗುಂಡಗಿದೆ ಅಂತ ಕುಬ್ಜ ಗ್ರಹದ ಸಾಲಿಗೆ ಬಂತು. ಈಗ ಅಧಿಕೃತವಾಗಿ ಐದು ಇವೆ, ಸೀರಿಸ್, ಪ್ಲುಟೋ, ಎರಿಸ್, ಹೌಮಿಯಾ, ಮಾಕೆಮಾಕೆ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲುಟೋ ಪಕ್ಕದಲ್ಲೇ ಹಾದುಹೋಗಿ ಅಳೆದಾಗ ಅಗಲ ಸುಮಾರು 2,377 ಕಿಲೋಮೀಟರ್ ಅಂತ ಬಂತು, ಎರಿಸ್‌ಗಿಂತ ಸ್ವಲ್ಪ ಜಾಸ್ತಿಯೇ. ಹಾಗಂತ ಯಾರೂ ಪ್ಲುಟೋವನ್ನು ವಾಪಸ್ ಸೇರಿಸಲಿಲ್ಲ. ಆ ನೌಕೆಯಲ್ಲಿ ಟಾಂಬೋ ಅವರ ಚಿತಾಭಸ್ಮ ಇತ್ತು. ಈ ಮಾತು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

ಈ ವ್ಯಾಖ್ಯೆಯನ್ನು ಒಪ್ಪದ ದೊಡ್ಡ ವಿಜ್ಞಾನಿಗಳೂ ಇದ್ದಾರೆ, ಅದನ್ನೂ ಹೇಳಬೇಕು. ನ್ಯೂ ಹೊರೈಜನ್ಸ್ ತಂಡದ ಮುಖ್ಯಸ್ಥ ಅಲನ್ ಸ್ಟರ್ನ್ ಅವರ ಪ್ರಕಾರ ಗುಂಡಗಿದ್ದರೆ ಸಾಕು, ದಾರಿಯ ಮಾತು ಬೇಡ. ಪ್ರಾಗ್‌ನಲ್ಲಿ ಮತ ಹಾಕಿದವರು 424 ಜನ ಮಾತ್ರ. ನಾಳೆ ವ್ಯಾಖ್ಯೆ ಬದಲಾಗಲೂಬಹುದು. ಪ್ಲುಟೋ ಗ್ರಹವೇ ಅಂತ ನೀವು ವಾದ ಮಾಡಿದರೆ ನನ್ನ ತಕರಾರಿಲ್ಲ. ಆದರೆ 2006ರಲ್ಲಿ ಕೊಟ್ಟ ಕಾರಣ ಯಾವುದು ಅಂತ ಕೇಳಿದರೆ ಉತ್ತರ ಒಂದೇ, ಮತ್ತು ಆ ಹುಡುಗಿ ಬರೆದದ್ದು ಅದೇ.

ಮರುದಿನ ಅವಳ ಅಪ್ಪನ ಜೊತೆ ಶಾಲೆಗೆ ಹೋಗಿದ್ದೆ. ಮೇಷ್ಟ್ರು ಒಳ್ಳೆಯವರು, ಜಗಳಕ್ಕೆ ಬರಲಿಲ್ಲ. "ಕೀ ಆನ್ಸರ್‌ನಾಗ ಹಂಗ ಇತ್ರಿ ಸರ" ಅಂದರು. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ಪ್ಲುಟೋ ನೆಪ್ಚೂನ್ ದಾರಿ ಒಳಗ ಬರ್ತೈತಲ್ರಿ. ಹಂಗಾರ ನೆಪ್ಚೂನೂ ಹಸನ ಮಾಡಿಲ್ಲ ಅಂತಾತಲ್ರಿ?" ನಿಜ, 1979ರಿಂದ 1999ರವರೆಗೆ ಪ್ಲುಟೋ ನೆಪ್ಚೂನ್‌ಗಿಂತ ಸೂರ್ಯನಿಗೆ ಹತ್ತಿರ ಇತ್ತು. ಆದರೆ ಅವೆರಡೂ ಯಾವತ್ತೂ ಹತ್ತಿರ ಬರುವುದಿಲ್ಲ. ನೆಪ್ಚೂನ್ ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲುಟೋ ಸರಿಯಾಗಿ ಎರಡು ಸುತ್ತು ಹಾಕುತ್ತದೆ, ಆ ತಾಳ ತಪ್ಪುವುದಿಲ್ಲ. ಪ್ಲುಟೋದ ದಾರಿ 17 ಡಿಗ್ರಿ ಓರೆಯಾಗಿಯೂ ಇದೆ. ನೆಪ್ಚೂನ್ ಅದರ ಸುಮಾರು ಎಂಟು ಸಾವಿರ ಪಟ್ಟು ಭಾರ. ತಾಳ ಹಾಕುತ್ತಿರುವುದು ನೆಪ್ಚೂನ್, ಕುಣಿಯುತ್ತಿರುವುದು ಪ್ಲುಟೋ. ಹಿಡಿತಕ್ಕೆ ತೆಗೆದುಕೊಳ್ಳೋದು ಅಂದೆನಲ್ಲ, ಅದು ಇದೇ. ಮೇಷ್ಟ್ರು ಬೋರ್ಡಿನ ಮೇಲೆ ಎರಡು ದಾರಿ ಬರೆದು, ಮೂರು ಎರಡು ಅಂತ ಎಣಿಸಿ ನೋಡಿದರು.

ಅಂಕ ಮೊದಲೇ ಕಂಪ್ಯೂಟರಿಗೆ ಏರಿತ್ತು, ಬದಲಾಗಲಿಲ್ಲ. ಹುಡುಗಿಗೆ ಅಷ್ಟು ಹೊತ್ತಿಗೆ ಅದರ ಚಿಂತೆ ಹೋಗಿತ್ತು. "ಪ್ಲುಟೋ ತೋರಸ್ರಿ ಸರ" ಅಂತ ಹಠ ಹಿಡಿದಿದ್ದಾಳೆ. ನನ್ನ ಎಂಟು ಇಂಚಿನ ಟೆಲಿಸ್ಕೋಪಿಗೆ ಪ್ಲುಟೋ ಸಿಗುವುದಿಲ್ಲ, ಸುಳ್ಳು ಹೇಳೋಕೆ ಆಗುವುದಿಲ್ಲ. ಸೀರಿಸ್ ಮಾತ್ರ ಭೂಮಿಗೆ ಹತ್ತಿರ ಬಂದಾಗ ಬೈನಾಕ್ಯುಲರ್‌ನಲ್ಲೇ ಕಾಣುತ್ತದೆ. ನೋಡೋಕೆ ನಕ್ಷತ್ರದ ಹಾಗೆಯೇ ಒಂದು ಚುಕ್ಕೆ, ಆದರೆ ಎರಡು ರಾತ್ರಿ ಬಿಟ್ಟು ನೋಡಿದರೆ ಸರಿದಿರುತ್ತದೆ. ಅವಳ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕದ ನಕ್ಷತ್ರಗಳನ್ನು ಗುರುತು ಮಾಡಿ, ಸೀರಿಸ್‌ನ ಜಾಗ ಖಾಲಿ ಬಿಟ್ಟು ಕೊಟ್ಟಿದ್ದೇನೆ.